ಚರಂಡಿ ನಮ್ಮದಲ್ಲ ಅಂತ ಎಲ್ಲರೂ ಕೈ ತೊಳೆದುಕೊಂಡರೆ, ನೀರು ಯಾರ ಮನೆಗೆ ಹೋಗಬೇಕು?

ಮಳೆಗಾಲ ಬಂತೆಂದರೆ ನಮ್ಮ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಬಗೆಯ ವಿಡಿಯೊ ಓಡಾಡುತ್ತದೆ. ಮಂಡಿಯುದ್ದ ನೀರು, ತೇಲುವ ಚಪ್ಪಲಿ, ಮಂಚದ ಮೇಲೆ ಕಾಲು ಮಡಿಚಿ ಕೂತ ಅಜ್ಜಿ, ಹಿಂದಿನಿಂದ ಯಾರೋ ಪಂಚಾಯ್ತಿಯವರನ್ನು ಬೈಯುವ ದನಿ. ಮಾರನೇ ದಿನ ಜೆಸಿಬಿ ಬರುತ್ತದೆ. ಹೂಳು ಎತ್ತಿ ಚರಂಡಿ ಪಕ್ಕದಲ್ಲೇ ಸುರಿಯುತ್ತದೆ. ಸದಸ್ಯರು ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಇನ್ನೊಂದು ಮಳೆ ಬಿದ್ದರೆ ಅದೇ ಹೂಳು ವಾಪಸ್ ಚರಂಡಿಗೆ. ಮುಂದಿನ ವರ್ಷ ಮತ್ತೆ ಅದೇ ವಿಡಿಯೊ.

ನನ್ನ ಮಾತು ಇಷ್ಟೇ: ಹೂಳು ತೆಗೆಸಿ ಎಂದು ವರ್ಷಾವರ್ಷ ಕೈಮುಗಿಯುವುದನ್ನು ಬಿಡೋಣ. ಈ ಚರಂಡಿಗೆ ಹೊಣೆ ಯಾರು ಎಂದು ಬರವಣಿಗೆಯಲ್ಲಿ ಕೇಳೋಣ. ಉತ್ತರವೂ ಬರವಣಿಗೆಯಲ್ಲೇ ಬರುವವರೆಗೆ ಬಿಡುವುದು ಬೇಡ.

ಒಂದು ಫೈಲು, ನಾಲ್ಕು ಉತ್ತರ

ತಾಲೂಕು ಕೇಂದ್ರದ ಅಂಚಿಗಿದ್ದು, ಗ್ರಾಮ ಪಂಚಾಯ್ತಿಗೆ ಸೇರಿದ ಒಂದು ಬಡಾವಣೆಯ ನಿವಾಸಿಗಳ ಸಂಘದವರು ತಮ್ಮ ಫೈಲನ್ನು ನನ್ನ ಮುಂದಿಟ್ಟರು. ಮೂರು ವರ್ಷದ ಅರ್ಜಿಗಳು. ಪ್ರತಿಯೊಂದರ ಮೇಲೂ ಸ್ವೀಕೃತಿ ಸೀಲು.

ಪಂಚಾಯ್ತಿ ಹೇಳಿದ್ದು: ಬಡಾವಣೆ ನಮಗೆ ಹಸ್ತಾಂತರ ಆಗಿಲ್ಲ. ಲೇಔಟ್ ಮಾಡಿದವರು ಹೇಳಿದ್ದು: ಸೈಟು ಮಾರಿ ಮುಗಿಯಿತು, ರಸ್ತೆ, ಪಾರ್ಕು ಎಲ್ಲ ಬಿಟ್ಟುಕೊಟ್ಟಿದ್ದೇವೆ. ರಸ್ತೆ ನೋಡಿಕೊಳ್ಳುವ ಇಲಾಖೆ ಹೇಳಿದ್ದು: ಮೋರಿವರೆಗೆ ಮಾತ್ರ ನಮ್ಮದು, ಅದರಾಚೆ ನಮಗೆ ಸಂಬಂಧವಿಲ್ಲ. ಕೆರೆ ನೋಡಿಕೊಳ್ಳುವ ಇಲಾಖೆ ಹೇಳಿದ್ದು: ನೀರು ಕೆರೆಗೆ ಬಂದಮೇಲೆ ನಮ್ಮದು, ಬರುವ ದಾರಿ ನಮ್ಮದಲ್ಲ.

ಹೀಗೆ ಒಂದೇ ಚರಂಡಿ ನಾಲ್ಕು ತುಂಡಾಗಿದೆ. ಒಂದೊಂದು ತುಂಡಿಗೂ ಒಬ್ಬೊಬ್ಬರು ‘ನಮ್ಮದಲ್ಲ’ ಎನ್ನುವವರಿದ್ದಾರೆ. ಆದರೆ ಕಂದಾಯ ಮಾತ್ರ ಆ ಬಡಾವಣೆಯ ಪ್ರತಿ ಮನೆಯಿಂದಲೂ ತಪ್ಪದೆ ಪಂಚಾಯ್ತಿಗೆ ಹೋಗುತ್ತಿದೆ. ಕಂದಾಯ ಕಟ್ಟಿಸಿಕೊಳ್ಳುವಾಗ ನಿಮ್ಮದಾಗಿದ್ದ ಬಡಾವಣೆ, ಚರಂಡಿ ಎಂದಾಗ ಹೇಗೆ ಬೇರೆಯವರದಾಗುತ್ತದೆ?

ಸಬೂಬು ಒಂದು: ‘ನಮ್ಮ ಕೆಲಸವಲ್ಲ’

ಕಾನೂನು ಏನು ಹೇಳುತ್ತದೆ ನೋಡಿ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ 1993ರದ್ದು. ಅದರ 58ನೇ ಸೆಕ್ಷನ್ ಪಂಚಾಯ್ತಿಯ ಕೆಲಸಗಳನ್ನು ಪಟ್ಟಿ ಮಾಡುತ್ತದೆ. ಮಾಡಲೇಬೇಕಾದ ಕೆಲಸಗಳ ಸಾಲಿನಲ್ಲಿ ನೈರ್ಮಲ್ಯ ಮತ್ತು ಸರಿಯಾದ ಚರಂಡಿ ವ್ಯವಸ್ಥೆಯೂ ಇದೆ. ಅನುಕೂಲವಾದರೆ ಮಾಡಿ ಎಂದಲ್ಲ, ಕಡ್ಡಾಯವಾಗಿ ಮಾಡಿ ಎಂದು.

ಹಸ್ತಾಂತರ ಆಗಿಲ್ಲ ಎಂಬುದು ನಿಜವೇ ಇರಬಹುದು. ಹಾಗಾದರೆ ಹಸ್ತಾಂತರ ಮಾಡಿಸಿಕೊಳ್ಳಬೇಕಾದವರು ಯಾರು? ಸೈಟು ಕೊಂಡ ಮೇಷ್ಟ್ರೇ? ಬಾಡಿಗೆಗಿರುವ ಗಾರ್ಮೆಂಟ್ಸ್ ಹೆಣ್ಣುಮಗಳೇ? ಲೇಔಟಿನವರು ಚರಂಡಿ ಸರಿಯಾಗಿ ಕಟ್ಟದೆ ಬಿಟ್ಟಿದ್ದರೆ ಅವರಿಗೆ ನೋಟಿಸು ಕೊಡಬೇಕಾದ್ದು ಪಂಚಾಯ್ತಿ ಮತ್ತು ಯೋಜನಾ ಪ್ರಾಧಿಕಾರ. ತಾವು ಮಾಡಬೇಕಿದ್ದ ಕೆಲಸ ಮಾಡದೆ, ಅದು ಆಗಿಲ್ಲ ಎಂಬುದನ್ನೇ ಜನರಿಗೆ ಉತ್ತರವಾಗಿ ಕೊಡುವುದು ಯಾವ ನ್ಯಾಯ?

ಸಬೂಬು ಎರಡು: ‘ದುಡ್ಡಿಲ್ಲ’

15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಭಾಗವನ್ನು ಎರಡು ಕೆಲಸಗಳಿಗೇ ಮೀಸಲಿಟ್ಟಿತು. ಅರ್ಧ ನೈರ್ಮಲ್ಯಕ್ಕೆ, ಅರ್ಧ ಕುಡಿಯುವ ನೀರು ಮತ್ತು ಮಳೆನೀರು ಸಂಗ್ರಹಕ್ಕೆ. ಉಳಿದ ಶೇ 40 ಸಂಬಳ ಬಿಟ್ಟು ಊರಿನ ಅಗತ್ಯಕ್ಕೆ ಬಳಸುವ ದುಡ್ಡು. ಸಾಲದೇ ಬರಬಹುದು, ಒಪ್ಪುತ್ತೇನೆ. ಆದರೆ ಇಲ್ಲವೇ ಇಲ್ಲ ಎಂಬ ಮಾತನ್ನು ಒಪ್ಪುವುದಿಲ್ಲ.

ಹೊಸ ಸಿಸಿ ಚರಂಡಿ ಕಟ್ಟಲು ದುಡ್ಡು ಎಲ್ಲಿಂದಲೋ ಬಂದುಬಿಡುತ್ತದೆ. ನಿಮ್ಮೂರಲ್ಲಿ ಒಮ್ಮೆ ನಡೆದು ನೋಡಿ. ಹಳೆ ಚರಂಡಿ ಹೂಳು ತುಂಬಿಕೊಂಡಿರುತ್ತದೆ, ಅದರ ಪಕ್ಕದಲ್ಲೇ ಹೊಸದು ಎದ್ದಿರುತ್ತದೆ. ಹೊಸದಕ್ಕೆ ಅಂದಾಜು ಪಟ್ಟಿ ಇದೆ, ಟೆಂಡರ್ ಇದೆ, ಬಿಲ್ ಇದೆ, ಉದ್ಘಾಟನೆಯ ಕಲ್ಲು ಇದೆ. ಹೂಳೆತ್ತುವ ಕೆಲಸಕ್ಕೆ ಕಲ್ಲು ನೆಡುವವರಿಲ್ಲ. ಕೆಲವು ಚರಂಡಿಗಳಂತೂ ಅರ್ಧ ದಾರಿಯಲ್ಲಿ ಯಾರದೋ ಹಿತ್ತಲಿಗೆ ಬಂದು ನಿಂತಿವೆ. ನೀರು ಮುಂದೆ ಎಲ್ಲಿಗೆ ಹೋಗಬೇಕು ಎಂದು ನೋಡದೆ, ಅನುದಾನ ಎಷ್ಟು ಉದ್ದಕ್ಕೆ ಸಾಕಾಗುತ್ತದೆ ಎಂದು ನೋಡಿ ಕಟ್ಟಿದ ಚರಂಡಿಗಳು ಅವು.

‘ದುಡ್ಡಿಲ್ಲ’ ಎಂಬ ಮಾತಿಗೆ ಸುಪ್ರೀಂ ಕೋರ್ಟ್ 1980ರಲ್ಲೇ ಉತ್ತರ ಕೊಟ್ಟಿದೆ. ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ ಒಂದು ವಾರ್ಡಿನ ಜನ ಬಯಲು ಚರಂಡಿ, ಹೊಲಸು, ಸೊಳ್ಳೆ ತಾಳಲಾರದೆ ಮ್ಯಾಜಿಸ್ಟ್ರೇಟರ ಬಳಿ ಹೋದರು. ಪುರಸಭೆ ಚರಂಡಿ ಸರಿ ಮಾಡಬೇಕೆಂದು ಮ್ಯಾಜಿಸ್ಟ್ರೇಟರು ಆದೇಶಿಸಿದರು. ಸೆಷನ್ಸ್ ಕೋರ್ಟ್ ಅದನ್ನು ರದ್ದು ಮಾಡಿತು, ಹೈಕೋರ್ಟ್ ಮತ್ತೆ ಎತ್ತಿಹಿಡಿಯಿತು. ಪುರಸಭೆ ನಮ್ಮಲ್ಲಿ ಹಣವಿಲ್ಲ ಎನ್ನುತ್ತ ದೆಹಲಿವರೆಗೆ ಹೋಯಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ ಆ ಮಾತನ್ನು ಒಪ್ಪಲಿಲ್ಲ. ಕಾನೂನು ಹೊರಿಸಿದ ಕರ್ತವ್ಯಕ್ಕೆ ಬಡತನ ನೆಪವಾಗದು ಎಂಬುದು ಆ ತೀರ್ಪಿನ ಸಾರ. ಮೊದಲು ಮ್ಯಾಜಿಸ್ಟ್ರೇಟರ ಬಾಗಿಲು ತಟ್ಟಿದ್ದು ಒಂದು ವಾರ್ಡಿನ ಜನ ಎಂಬುದನ್ನು ನೆನಪಿಡಿ.

ಸಬೂಬು ಮೂರು: ‘ಜನರೇ ಕಸ ಹಾಕುತ್ತಾರೆ’

ಇದರಲ್ಲಿ ಸುಳ್ಳಿಲ್ಲ. ಪ್ಲಾಸ್ಟಿಕ್ ಕವರು, ಕೋಳಿ ಅಂಗಡಿಯ ಕಸ, ಕಟ್ಟಡದ ಮರಳು, ಎಲ್ಲ ನಾವೇ ಹಾಕುವುದು. ಬೈಕು ಹತ್ತಿಸಲು ಚರಂಡಿ ಮೇಲೆ ಚಪ್ಪಡಿ ಎಳೆದು ಸಿಮೆಂಟು ಬಳಿದು, ಹೂಳು ತೆಗೆಯಲು ಒಂದು ಗೇಣು ಜಾಗವನ್ನೂ ಬಿಡದವರು ನಾವೇ. ಇದನ್ನು ಸಂಘದವರ ಮುಂದೆಯೂ ಹೇಳಿದೆ. ಕೆಲವರ ಮುಖ ಸಣ್ಣದಾಯಿತು.

ಆದರೆ ಕಸ ಹಾಕಿದವರಿಗೆ ದಂಡ ಹಾಕುವ ಅಧಿಕಾರ ಯಾರಲ್ಲಿದೆ? ಚರಂಡಿ ಮೇಲಿನ ಒತ್ತುವರಿ ತೆಗೆಸುವವರು ಯಾರು? ಡೆಂಗಿ ಹೆಚ್ಚಾದ 2024ರಲ್ಲಿ ಸರ್ಕಾರ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಎಂದು ನಿಯಮ ತಂದಿತು. ಹಳ್ಳಿಯ ಮನೆಗೆ 200 ರೂಪಾಯಿ, ಪಟ್ಟಣದ ಮನೆಗೆ 400. ಹೂವಿನ ಕುಂಡದ ತಟ್ಟೆಯಲ್ಲಿ ನಿಂತ ನೀರಿಗೆ ನಮಗೆ ದಂಡ, ಸರಿ. ಊರಗಲ ನಿಂತ ಚರಂಡಿ ನೀರಿಗೆ ದಂಡ ಕಟ್ಟುವವರು ಯಾರು?

ಇನ್ನೂ ಒಂದು ಲೆಕ್ಕ ನೋಡಿ. ಜಲಜೀವನ್ ಮಿಷನ್‌ನಲ್ಲಿ, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಎಂದ ಯೋಜನೆಯಲ್ಲಿ, ತಲೆಗೆ ದಿನಕ್ಕೆ 55 ಲೀಟರ್ ನೀರು ಕೊಡುವ ಗುರಿ. 300 ಮನೆಯ ಊರು, ಮನೆಗೆ ಐದು ಜನ ಎಂದರೆ ದಿನಕ್ಕೆ 82,500 ಲೀಟರ್. ಮುಕ್ಕಾಲು ಪಾಲು ಬಚ್ಚಲಿನಿಂದ ಆಚೆ ಬಂದರೂ ಸುಮಾರು 60 ಸಾವಿರ ಲೀಟರ್, ಅಂದರೆ ದಿನಕ್ಕೆ ಹನ್ನೆರಡು ಟ್ಯಾಂಕರ್ ಬಚ್ಚಲು ನೀರು. ನಲ್ಲಿ ತಂದವರು ಈ ನೀರಿನ ದಾರಿಯನ್ನು ಯೋಚಿಸಿದರೇ? ಮಳೆಗೆಂದು ಇದ್ದ ಚರಂಡಿಯಲ್ಲಿ ಈಗ ವರ್ಷವಿಡೀ ಬಚ್ಚಲು ನೀರು ಹರಿಯುತ್ತದೆ. ಮಳೆ ಬಂದಾಗ ಅದರಲ್ಲಿ ಜಾಗವಿರುವುದಿಲ್ಲ. ಕಸ ಒಂದನ್ನೇ ದೂರಿ ಪ್ರಯೋಜನವಿಲ್ಲ.

‘ನಮಗೇ ವಹಿಸಿಕೊಡಿ’ ಎನ್ನುವವರಿಗೆ

ಬೇಸತ್ತ ಸಂಘದವರು ಕೊನೆಗೆ ಒಂದು ನಿರ್ಧಾರಕ್ಕೆ ಬಂದಿದ್ದಾರೆ. ‘ಯಾರೂ ಮಾಡಲ್ಲ ಅಂದ್ರೆ ಚರಂಡಿ ನಮಗೇ ವಹಿಸಿಕೊಡಲಿ ಸಾರ್, ಮನೆಗಿಷ್ಟು ಅಂತ ಹಾಕ್ಕೊಂಡು ನಾವೇ ನೋಡ್ಕೋತೀವಿ’ ಎನ್ನುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಈ ದಾರಿ ತಪ್ಪು ಎಂದು ಅವರಿಗೆ ನೇರವಾಗಿ ಹೇಳಿದ್ದೇನೆ. ಕಾರಣ ಮೂರು.

ಮೊದಲನೆಯದು, ನೀರಿಗೆ ಬಡಾವಣೆಯ ಗೇಟು ಗೊತ್ತಿಲ್ಲ. ಹತ್ತು ಎಕರೆ ಹೊಲ ಬಡಾವಣೆಯಾಗಿದೆ ಎಂದುಕೊಳ್ಳಿ. ಅದರ ಮೇಲೆ ಐದು ಸೆಂಟಿಮೀಟರ್ ಮಳೆ ಬಿದ್ದರೆ 20 ಲಕ್ಷ ಲೀಟರ್ ನೀರು. ಹೊಲವಾಗಿದ್ದಾಗ ಮಣ್ಣು ಒಂದಿಷ್ಟು ಕುಡಿಯುತ್ತಿತ್ತು, ಬದು ಒಂದಿಷ್ಟು ತಡೆಯುತ್ತಿತ್ತು. ಈಗ ತಾರಸಿ, ಕಾಂಕ್ರೀಟು, ಡಾಂಬರು. ಬಹುಪಾಲು ನೀರು ಒಟ್ಟಿಗೇ ಇಳಿಯುತ್ತದೆ. ಬಡಾವಣೆಯವರು ತಮ್ಮ ಪಾಲಿನ ಚರಂಡಿ ಮಾತ್ರ ಚೊಕ್ಕಟ ಮಾಡಿಕೊಂಡರೆ ನೀರು ಇನ್ನೂ ರಭಸದಿಂದ ಕೆಳಗಿಳಿಯುತ್ತದೆ. ಕೆಳಗಿರುವುದು ಯಾರು? ಈ ಬಡಾವಣೆಯ ಕೆಳಗಿರುವುದು ಹಳೇ ಊರಿನ ಕೇರಿ. ತಗ್ಗಿನ ಜಾಗ ಯಾವ ಜನರ ಪಾಲಿಗೆ ಬಂದಿದೆ ಎಂದು ನಮ್ಮ ಹಳ್ಳಿಗಳಲ್ಲಿ ಬಿಡಿಸಿ ಹೇಳಬೇಕಿಲ್ಲ. ಮೇಲಿನವರ ಅಂಗಳ ಒಣಗಲು ಕೆಳಗಿನವರ ಒಲೆ ನೆನೆಯಬಾರದು.

ದುಡ್ಡಿದ್ದ ಮಾತ್ರಕ್ಕೆ ಮೇಲಿನವರಾದರೂ ಬಚಾವಾಗುತ್ತಾರೆಯೇ? 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿ ಹೊರತಂದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದೆವು. ಅಲ್ಲಿ ಸಂಘಗಳಿದ್ದವು, ಸೆಕ್ಯೂರಿಟಿ ಇತ್ತು, ತಿಂಗಳ ಮೇಂಟೆನೆನ್ಸ್ ದುಡ್ಡಿತ್ತು. ಕಾಂಪೌಂಡಿನಾಚೆಯ ರಾಜಕಾಲುವೆ, ಕೆರೆ ಕೋಡಿ ಯಾವ ಸಂಘದ ಕೈಯಲ್ಲೂ ಇರಲಿಲ್ಲ.

ಎರಡನೆಯದು, ಸಂಘ ಚರಂಡಿ ವಹಿಸಿಕೊಂಡರೆ ಅದಕ್ಕೆ ಇಳಿಯುವವರು ಯಾರು? ಅಧ್ಯಕ್ಷರು ಇಳಿಯುವುದಿಲ್ಲ, ಖಜಾಂಚಿಯೂ ಇಳಿಯುವುದಿಲ್ಲ. ಅದೇ ಕೇರಿಯಿಂದ ಯಾರನ್ನೋ ಕೂಲಿಗೆ ಕರೆಯುತ್ತಾರೆ. ಬೂಟಿಲ್ಲ, ಗ್ಲೌಸಿಲ್ಲ, ಹೆಚ್ಚುಕಡಿಮೆಯಾದರೆ ಕೇಳುವವರಿಲ್ಲ. ಎಷ್ಟೋ ಕಡೆ ಶೌಚಾಲಯದ ಪೈಪನ್ನೂ ಚರಂಡಿಗೇ ಬಿಟ್ಟಿರುತ್ತಾರೆ. ಅಂಥ ಬಯಲು ಚರಂಡಿಯ ಮಲವನ್ನು ಕೈಯಿಂದ ಬಳಿಸುವುದು 2013ರ ಕಾಯ್ದೆಯ ಪ್ರಕಾರ ಮಲ ಹೊರುವ ಪದ್ಧತಿಯೇ. ಅದಕ್ಕೆ ಆಳು ಇಡುವುದು ಅಪರಾಧ. ಒಳ್ಳೆಯ ಕೆಲಸಕ್ಕೆಂದು ಹೊರಟ ಸಂಘ ಇಂಥ ಪಾಪಕ್ಕೆ ಕೈ ಹಾಕಬಾರದು.

ಮೂರನೆಯದು, ಒಮ್ಮೆ ನೀವು ವಹಿಸಿಕೊಂಡರೆ ಪಂಚಾಯ್ತಿ ಶಾಶ್ವತವಾಗಿ ಜಾರಿಕೊಳ್ಳುತ್ತದೆ. ನಾಳೆ ಸಂಘದಲ್ಲಿ ಜಗಳವಾಗಿ ಒಡೆದುಹೋದರೆ ಚರಂಡಿ ಮತ್ತೆ ಅನಾಥ. ಚಂದಾ ಕೊಡಲಾಗದ ಊರುಗಳಿಗೆ ‘ಆ ಬಡಾವಣೆಯವರು ತಾವೇ ಮಾಡಿಕೊಂಡರು, ನೀವೂ ಮಾಡಿಕೊಳ್ಳಿ’ ಎಂಬ ಉಪದೇಶ ಬೇರೆ.

ಸಂಘ ಕಾವಲು ಕಾಯಲಿ, ಲೆಕ್ಕ ಕೇಳಲಿ, ಕಸ ಹಾಕುವ ತನ್ನವರ ಕೈ ಹಿಡಿಯಲಿ. ಹೊಣೆ ಮಾತ್ರ ಪಂಚಾಯ್ತಿಯದಾಗಿಯೇ ಇರಲಿ.

ಹಾಗಾದರೆ ಮಾಡುವುದೇನು?

ಮಳೆಗೆ ಮೊದಲೇ ಒಂದು ಭಾನುವಾರ ಬೆಳಿಗ್ಗೆ ನಡೆಯಿರಿ. ಚರಂಡಿ ಶುರುವಾಗುವ ದಿಣ್ಣೆಯಿಂದ ಕೆರೆಗೆ ಸೇರುವವರೆಗೆ. ಮೇಲಿನ ಬಡಾವಣೆಯವರೂ ಕೆಳಗಿನ ಕೇರಿಯವರೂ ಒಟ್ಟಿಗೆ. ಎಲ್ಲಿ ಹೂಳು, ಎಲ್ಲಿ ಒತ್ತುವರಿ, ಎಲ್ಲಿ ಮೋರಿ ಸಣ್ಣದು, ಎಲ್ಲಿ ಚರಂಡಿಯೇ ಮಾಯ ಎಂದು ಫೋಟೊ ಸಮೇತ ಬರೆದುಕೊಳ್ಳಿ. ಕಂದಾಯ ಇಲಾಖೆಯ ಗ್ರಾಮ ನಕ್ಷೆ ಫೋನಿನಲ್ಲೇ ಸಿಗುತ್ತದೆ. ಹಳ್ಳ, ಕಾಲುವೆ ಹಿಂದೆ ಎಲ್ಲಿ ಹರಿಯುತ್ತಿದ್ದವು ಎಂದು ಅದರಲ್ಲಿ ನೋಡಿ.

ಆ ಪಟ್ಟಿಯನ್ನು ವಾರ್ಡ್ ಸಭೆಗೆ ಒಯ್ಯಿರಿ. ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ ನಡೆಯಬೇಕು ಎಂಬುದು ಕಾನೂನು. ಬಾಯಿಮಾತಿಗೆ ಒಪ್ಪಬೇಡಿ. ಯಾವ ತುಂಡು ಯಾರದು, ವರ್ಷದಲ್ಲಿ ಎಷ್ಟು ಸಲ ಹೂಳು ತೆಗೆಯುತ್ತಾರೆ, ಎತ್ತಿದ ಹೂಳು ಎಲ್ಲಿಗೆ ಹೋಗುತ್ತದೆ, ಇಷ್ಟನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಿ. ಬೇರೆ ಬೇರೆ ಇಲಾಖೆಯವರು ಜಂಟಿ ಸರ್ವೆಗೆ ಬರಬೇಕೆಂದು ಪಿಡಿಒ ಕಡೆಯಿಂದ ಪತ್ರ ಹೋಗಲಿ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಪ್ರಶ್ನೆಗಳು ಚಿಕ್ಕದಾಗಿರಲಿ: ಈ ಚರಂಡಿಯ ನಿರ್ವಹಣೆ ಯಾವ ಕಚೇರಿಯದು? ಕಳೆದ ಮೂರು ವರ್ಷದಲ್ಲಿ ಹೂಳೆತ್ತಲು ಯಾವ ದಿನಾಂಕದಂದು ಎಷ್ಟು ಬಿಲ್ ಆಗಿದೆ? ಬಡಾವಣೆ ಹಸ್ತಾಂತರದ ಪತ್ರದ ಪ್ರತಿ ಕೊಡಿ.

ಅದಕ್ಕೂ ಬಗ್ಗದಿದ್ದರೆ ರತ್ಲಾಮಿನವರ ದಾರಿ ಇದ್ದೇ ಇದೆ. ಅವರು ಬಳಸಿದ್ದು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಸೆಕ್ಷನ್. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ ಇದೆ. ಸಾರ್ವಜನಿಕರಿಗೆ ಉಪದ್ರವವಾಗುವುದನ್ನು ತೆಗೆಸಲು ಆದೇಶಿಸುವ ಅಧಿಕಾರ ಉಪವಿಭಾಗಾಧಿಕಾರಿಗಳಿಗಿದೆ. ನಡೆದು ಬರೆದುಕೊಂಡ ಪಟ್ಟಿ, ನಡಾವಳಿ, ಮಾಹಿತಿ ಹಕ್ಕಿನ ಉತ್ತರ, ಇವೇ ಅಲ್ಲಿ ನಿಮಗೆ ಸಾಕ್ಷಿ.

ಇಷ್ಟೆಲ್ಲ ಓಡಾಡುವ ಬದಲು ಸದಸ್ಯರಿಗೆ ಒಂದು ಫೋನು ಮಾಡಿದರೆ ಜೆಸಿಬಿ ಬರುತ್ತಲ್ಲ ಎನ್ನುವವರಿದ್ದಾರೆ. ಬರುತ್ತದೆ. ಅದು ಅವರು ಮಾಡಿದ ಉಪಕಾರವಾಗಿ ಬರುತ್ತದೆ, ಚುನಾವಣೆಯಲ್ಲಿ ಅದರ ಲೆಕ್ಕ ಕೇಳುತ್ತಾರೆ. ಕಂದಾಯ ಕಟ್ಟಿದವರು ಚರಂಡಿಗಾಗಿ ಯಾರ ಋಣದಲ್ಲೂ ಬೀಳಬೇಕಾಗಿಲ್ಲ. ಮುಂದಿನ ವಾರ್ಡ್ ಸಭೆ ಯಾವತ್ತು ಎಂದು ಇವತ್ತೇ ಪಂಚಾಯ್ತಿಗೆ ಹೋಗಿ ಕೇಳಿ. ದಿನಾಂಕ ಹೇಳದಿದ್ದರೆ, ಮೊದಲ ಅರ್ಜಿ ಅದರ ಮೇಲೆಯೇ ಹಾಕಿ.