144ಕ್ಕೆ ದುಡ್ಡು ಕೊಟ್ಟು 60ರಲ್ಲಿ ಆಡುತ್ತೀರಾ?

ಕನ್ನಡದ ಹುಡುಗ ಹುಡುಗಿಯರೇ,

ಈ ಸಲ ನೇರವಾಗಿ ಒಂದು ಪ್ರಶ್ನೆ. ನಿಮ್ಮ ಟೇಬಲ್ಲಿನ ಮೇಲೆ ಮೆರೆಯುತ್ತಿರುವ ಆ ಗೇಮಿಂಗ್ ಮಾನಿಟರ್ ಈ ಹೊತ್ತಿನಲ್ಲಿ ಎಷ್ಟು ಹರ್ಟ್ಸ್‌ನಲ್ಲಿ ಓಡುತ್ತಿದೆ? ಡಬ್ಬದ ಮೇಲೆ ಎಷ್ಟು ಬರೆದಿದೆ ಎಂದು ನಾನು ಕೇಳುತ್ತಿಲ್ಲ. ಅದನ್ನು ನೀವು ಇಡೀ ಬೀದಿಗೆ ಡಂಗುರ ಸಾರಿ ಆಗಿದೆ. ಈಗ, ಈ ಕ್ಷಣ, ನಿಜವಾಗಿ ಎಷ್ಟರಲ್ಲಿ ಓಡುತ್ತಿದೆ? ಯಾವತ್ತಾದರೂ ತೆರೆದು ನೋಡಿದ್ದೀರಾ?

ಬಹಳ ಜನ ನೋಡಿರುವುದಿಲ್ಲ. ಹೊಸ ಮಾನಿಟರ್ ತಂದು ಸಿಕ್ಕಿಸಿದರೆ ವಿಂಡೋಸ್ ಎಷ್ಟೋ ಸಲ ಅದನ್ನು 60 ಹರ್ಟ್ಸ್‌ನಲ್ಲೇ ಶುರು ಮಾಡಿ ಸುಮ್ಮನೆ ಕೂತುಬಿಡುತ್ತದೆ. ನೀವಾಗಿ ಹೋಗಿ ಬದಲಿಸುವ ತನಕ ಅದು ಅಲ್ಲೇ! ಮೊದಲ ಸಂಬಳ, ಅಪ್ಪನ ಬೋನಸ್ಸು, ಅಮ್ಮನ ಚೀಟಿ ದುಡ್ಡು ಎಲ್ಲ ಸುರಿದು, ಹನ್ನೆರಡು ಕಂತಿನ ಇಎಂಐ ಹೊತ್ತು 144 ಹರ್ಟ್ಸ್ ಮಾನಿಟರ್ ತಂದವರು ಅದರಲ್ಲಿ ಆಡುತ್ತಿರುವುದು ಸರ್ಕಾರಿ ಕಚೇರಿಯ ಗುಮಾಸ್ತರ ಕಂಪ್ಯೂಟರಿನ ವೇಗದಲ್ಲಿ. ಆಮೇಲೆ "ಸಖತ್ ಸ್ಮೂತ್ ಮಚ್ಚಾ" ಎಂದು ತಮಗೆ ತಾವೇ ಸಮಾಧಾನ. ಇದಕ್ಕೇನು ಹೇಳೋಣ?

ಪ್ರೆಸ್ಸಿನವನಿಗೆ ಗೇಮಿನ ಉಸಾಬರಿ ಏಕೆ ಎಂದು ಮೂಗು ಮುರಿಯಬೇಡಿ. ಸ್ವಾಮಿ, ಚುಕ್ಕೆಯೇ ನನ್ನ ಅನ್ನ. ಲಗ್ನಪತ್ರಿಕೆಯಲ್ಲಿ ಒಂದು ಒತ್ತಕ್ಷರ ಮಸುಕಾದರೆ ಗಿರಾಕಿ ಪೂರ್ತಿ ದುಡ್ಡು ಬಿಚ್ಚುವುದಿಲ್ಲ. ಕಾಗದದ ಮೇಲೂ ಚುಕ್ಕೆ, ಪರದೆಯ ಮೇಲೂ ಚುಕ್ಕೆ. ಅಲ್ಲದೆ ನಮ್ಮಲ್ಲಿ ಹಗಲು ಡಿಟಿಪಿ ಮಾಡುವ ಹುಡುಗರು ಸಂಜೆ ಆರರ ಮೇಲೆ ಅದೇ ಕಂಪ್ಯೂಟರಿನಲ್ಲಿ ಗುಂಡು ಹಾರಿಸುತ್ತಾರೆ. ಹಾಗಾಗಿ ಈ ಮಾನಿಟರ್ ವ್ಯಾಪಾರದ ಒಳಹೊರಗು ನನಗೆ ಬೇಕಿದ್ದಕ್ಕಿಂತ ಹೆಚ್ಚೇ ಗೊತ್ತಾಗಿದೆ.

ಹರ್ಟ್ಸ್ ಎಂದರೆ ಪರದೆ ಒಂದು ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸಬಲ್ಲದು ಎಂಬ ಲೆಕ್ಕ, ಅಷ್ಟೇ. 60 ಹರ್ಟ್ಸ್ ಆದರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ 16.7 ಮಿಲಿಸೆಕೆಂಡ್. 144 ಆದರೆ 6.9. 240 ಆದರೆ 4.2. ಈಗ ನೀವೇ ಕಳೆದು ನೋಡಿ. 60ರಿಂದ 144ಕ್ಕೆ ಜಿಗಿದರೆ ಸುಮಾರು 10 ಮಿಲಿಸೆಕೆಂಡ್ ಉಳಿಯಿತು. ಅದು ಯಾರ ಕಣ್ಣಿಗಾದರೂ ಕಾಣುವ ವ್ಯತ್ಯಾಸ, ಮೌಸ್ ಅಲ್ಲಾಡಿಸಿದರೂ ಸಾಕು. 144ರಿಂದ 240ಕ್ಕೆ ಹೋದರೆ ಉಳಿಯುವುದು 3ಕ್ಕಿಂತ ಕಡಿಮೆ. 240ರಿಂದ 360ಕ್ಕೆ ಹೋದರೆ ಒಂದೂವರೆಯೂ ಇಲ್ಲ! ನಂಬರು ದೊಡ್ಡದಾಗುತ್ತಾ ಹೋಗುತ್ತದೆ, ಸಿಗುವುದು ಚಿಕ್ಕದಾಗುತ್ತಾ ಹೋಗುತ್ತದೆ, ಬೆಲೆ ಮಾತ್ರ ಏರುತ್ತಲೇ ಇರುತ್ತದೆ. ಪಂದ್ಯಕ್ಕೆ ಇಳಿದು ದುಡ್ಡು ಗೆಲ್ಲುವವರಿಗೆ 360 ಬೇಕಾಗಬಹುದು. ಕಾಲೇಜು ಮುಗಿಸಿ ಬಂದು ಎರಡು ಗಂಟೆ ವ್ಯಾಲೊರೆಂಟ್ ಆಡುವ ನಿಮಗೆ 144ರಿಂದ 180 ಧಾರಾಳ.

ಅದಕ್ಕೂ ಮೊದಲು ನಿಮ್ಮ ಸಿಪಿಯು ಡಬ್ಬದೊಳಗೆ ಏನಿದೆ ಎಂಬುದನ್ನು ನೋಡಿಕೊಳ್ಳಿ. ಗಂಟೆಗೆ ಹತ್ತು ಸಾವಿರ ಹಾಳೆ ಒತ್ತುವ ಮೆಷಿನ್ ತಂದು, ಕಾಗದ ಕೊಡುವವನು ಎರಡು ಸಾವಿರ ಮಾತ್ರ ಕೊಟ್ಟರೆ ಮೆಷಿನ್ ಏನು ಮಾಡೀತು? ಬಾಯಿ ಬಿಟ್ಟುಕೊಂಡು ಕಾಯುತ್ತದೆ. ಗ್ರಾಫಿಕ್ಸ್ ಕಾರ್ಡೇ ಆ ಕಾಗದ ಕೊಡುವವನು. ವ್ಯಾಲೊರೆಂಟ್, ಕೌಂಟರ್-ಸ್ಟ್ರೈಕ್ ತರಹದ ಆಟಗಳಿಗೆ ಸಾಧಾರಣ ಕಾರ್ಡೂ ಬೇಕಾದಷ್ಟು ಚಿತ್ರ ಒದಗಿಸುತ್ತದೆ. ಸೈಬರ್‌ಪಂಕ್ 2077ರಂಥ ಭಾರದ ಆಟಕ್ಕೆ ಬಂದಾಗ ಅದೇ ಕಾರ್ಡು ಏದುಸಿರು ಬಿಡುತ್ತದೆ. ಅದರ ಮೇಲೆ ಪರದೆಯಲ್ಲಿ ಚುಕ್ಕೆ ಹೆಚ್ಚಾದಷ್ಟೂ ಅದರ ದುಡಿಮೆ ಹೆಚ್ಚು. 1920 ಗುಣಿಸು 1080 ಎಂದರೆ ಸುಮಾರು 20.7 ಲಕ್ಷ ಚುಕ್ಕೆ. 2560 ಗುಣಿಸು 1440 ಎಂದರೆ ಸುಮಾರು 36.9 ಲಕ್ಷ. ಫೋರ್-ಕೆ ಎಂದರೆ ಸುಮಾರು 83 ಲಕ್ಷ, ಅಂದರೆ ಮೊದಲಿನದರ ಸರಿಯಾಗಿ ನಾಲ್ಕು ಪಟ್ಟು! ಹಳೇ ಕಾರ್ಡಿಟ್ಟುಕೊಂಡು ಫೋರ್-ಕೆ ಮಾನಿಟರ್ ತರುವುದು ಒಂಟಿ ಎತ್ತಿಗೆ ಜೋಡಿ ಗಾಡಿ ಕಟ್ಟಿದ ಹಾಗೆ.

ಇನ್ನು ಅಳತೆ. ಇಲ್ಲಿ ನನ್ನ ಕಸುಬಿನ ಮಾತು ಸ್ವಲ್ಪ ಕೇಳಿ. 24 ಇಂಚಿನ ಪರದೆಯಲ್ಲಿ 1080 ಇದ್ದರೆ ಇಂಚಿಗೆ ಸುಮಾರು 92 ಚುಕ್ಕೆ ಬೀಳುತ್ತದೆ. ಅದೇ 1080 ಅನ್ನು 27 ಇಂಚಿಗೆ ಎಳೆದರೆ ಇಂಚಿಗೆ 82ಕ್ಕೆ ಇಳಿಯುತ್ತದೆ. 27 ಇಂಚಿನಲ್ಲಿ 1440 ಇದ್ದರೆ ಸುಮಾರು 109. "ದೊಡ್ಡ ಪರದೆ, ಅದೇ ಬೆಲೆ" ಎಂದು ಅಂಗಡಿಯವನು 27 ಇಂಚಿನ 1080 ತೋರಿಸಿದರೆ ಬಲೆಗೆ ಬೀಳಬೇಡಿ. ಆಟದಲ್ಲಿ ಹೇಗೋ ನಡೆದೀತು, ಓದುವಾಗ ಗುಟ್ಟು ರಟ್ಟಾಗುತ್ತದೆ. ಇಂಗ್ಲಿಷ್ ಅಕ್ಷರ ಒಂದೇ ಸಾಲಿನಲ್ಲಿ ನಡೆದು ಹೋಗುತ್ತದೆ. ನಮ್ಮ ಅಕ್ಷರಕ್ಕೆ ಮೇಲೆ ತಲೆಕಟ್ಟು, ಕೆಳಗೆ ಒತ್ತು, ಪಕ್ಕದಲ್ಲಿ ಮತ್ತೊಂದು ಒತ್ತು. "ರಾಷ್ಟ್ರ" ಎಂಬ ಒಂದು ಮಾತನ್ನು ಚಿಕ್ಕ ಅಕ್ಷರದಲ್ಲಿ ಬರೆದು ನೋಡಿ, ಷಕಾರದ ಕೆಳಗೆ ಟಕಾರ, ಅದಕ್ಕೊಂದು ರಕಾರ. ಇಷ್ಟನ್ನೂ ಆ ಒಂದಿಷ್ಟು ಚುಕ್ಕೆಯಲ್ಲೇ ತುಂಬಬೇಕು. ಚುಕ್ಕೆ ದೊಡ್ಡದಾದರೆ ಒತ್ತುಗಳು ಕಲಸುಮೇಲೋಗರ. ರಾತ್ರಿ ಆಡುವ ಪರದೆಯಲ್ಲೇ ಹಗಲು ಕನ್ನಡ ಪತ್ರಿಕೆ ಓದುವವರು, ಕನ್ನಡದಲ್ಲಿ ಟೈಪ್ ಮಾಡುವವರು 24 ಇಂಚಿಗೆ 1080, 27ಕ್ಕೆ 1440 ಎಂಬುದನ್ನು ಬಿಟ್ಟು ಕದಲಬಾರದು. ಇಂಗ್ಲಿಷಿನಲ್ಲಿ ಬರುವ ಮಾನಿಟರ್ ವಿಮರ್ಶೆಗಳಲ್ಲಿ ಒತ್ತಕ್ಷರದ ಪರೀಕ್ಷೆ ಮಾಡಿದ್ದನ್ನು ನಾನಂತೂ ಕಂಡಿಲ್ಲ.

ಪರದೆಯ ಜಾತಿಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಐಪಿಎಸ್ ಬಣ್ಣಕ್ಕೆ ಒಳ್ಳೆಯದು, ಪಕ್ಕದಿಂದ ನೋಡಿದರೂ ಮಾಸುವುದಿಲ್ಲ, ಕಪ್ಪು ಮಾತ್ರ ಸ್ವಲ್ಪ ಬೂದು. ವಿಎ ಪರದೆಯಲ್ಲಿ ಕಪ್ಪು ಗಾಢ, ಆದರೆ ಅಗ್ಗದ ವಿಎಗಳಲ್ಲಿ ಕತ್ತಲೆಯ ದೃಶ್ಯ ಓಡಿದಾಗ ಹಿಂದೆ ಮಸಿ ಒರೆಸಿದಂತೆ ಕಾಣುತ್ತದೆ. ಒಎಲ್‌ಇಡಿ ಅರಸರ ಪದಾರ್ಥ. ವೇಗಕ್ಕೂ ಕಪ್ಪಿಗೂ ಅದಕ್ಕೆ ಸಾಟಿಯಿಲ್ಲ, ಆದರೆ ಒಂದೇ ಚಿತ್ರ ದಿನವಿಡೀ ನಿಂತರೆ ಅದರ ಅಚ್ಚು ಉಳಿಯುವ ಅಪಾಯವಿದೆ. ಅಂಥ ಕೆಲವು ಪರದೆಗಳಲ್ಲಿ ಸಣ್ಣ ಅಕ್ಷರದ ಅಂಚಿಗೆ ಬಣ್ಣದ ಗೆರೆಯೂ ಕಾಣುತ್ತದೆ. ಮೊದಲ ಮಾನಿಟರಿಗೆ ಐಪಿಎಸ್ ಸಾಕು.

ಈಗ ಡಬ್ಬದ ಮೇಲಿನ ಬಡಾಯಿಗೆ ಬರೋಣ. "1 ಮಿಲಿಸೆಕೆಂಡ್!" ಎಂದು ಅಂಗೈ ಅಗಲದ ಅಕ್ಷರ. ಯಾವ 1 ಮಿಲಿಸೆಕೆಂಡ್? ಒಂದು ಛಾಯೆಯಿಂದ ಇನ್ನೊಂದು ಛಾಯೆಗೆ ಚುಕ್ಕೆ ಬದಲಾಗುವ ಹೊತ್ತನ್ನು ಜಿಟಿಜಿ ಎನ್ನುತ್ತಾರೆ. ಎಂಪಿಆರ್‌ಟಿ ಎಂಬುದು ಬೇರೆಯೇ ಲೆಕ್ಕ. ಅಲ್ಲಿ ಹಿಂದಿನ ದೀಪವನ್ನು ಪಟಪಟನೆ ಆರಿಸಿ ಹೊತ್ತಿಸಿ ಮಸುಕನ್ನು ಕಡಿಮೆ ಮಾಡುತ್ತಾರೆ, ಬೆಳಕೂ ಅದರ ಜೊತೆ ಕುಗ್ಗುತ್ತದೆ. ಡಬ್ಬದ ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಯಾವುದೆಂದು ಬರೆದಿರುತ್ತಾರೆ, ಓದಿ. ಜಿಟಿಜಿಯ 1 ಕೂಡ ಸಾಮಾನ್ಯವಾಗಿ ಓವರ್‌ಡ್ರೈವ್ ಎಂಬ ಚಾಟಿಯನ್ನು ತುದಿಗೇರಿಸಿ ಪಡೆದ ಸಂಖ್ಯೆ. ಹಾಗೆ ಏರಿಸಿದರೆ ಓಡುವ ವಸ್ತುವಿನ ಹಿಂದೆ ಬಿಳಿಯ ದೆವ್ವ ಹಿಂಬಾಲಿಸುತ್ತದೆ.

ಎರಡನೆಯ ಬಡಾಯಿ ಎಚ್‌ಡಿಆರ್. ವೆಸಾ ಎಂಬ ಸಂಸ್ಥೆ 2017ರ ಕೊನೆಯಲ್ಲಿ ಡಿಸ್‌ಪ್ಲೇ-ಎಚ್‌ಡಿಆರ್ ಎಂಬ ದರ್ಜೆಗಳನ್ನು ತಂದಿತು. ಅದರಲ್ಲಿ 400 ಎಂಬುದು ಕೆಳಗಿನ ಮೆಟ್ಟಿಲು. ಆ ದರ್ಜೆ ಪಡೆಯಲು ಪರದೆಯ ಬೇರೆ ಬೇರೆ ಭಾಗದ ಬೆಳಕನ್ನು ಬೇರೆ ಬೇರೆಯಾಗಿ ತಗ್ಗಿಸುವ ವ್ಯವಸ್ಥೆಯೇ ಬೇಕಿಲ್ಲ! ಅದಿಲ್ಲದ ಎಲ್‌ಸಿಡಿಯಲ್ಲಿ ಎಚ್‌ಡಿಆರ್ ಎಂಬುದು ಗಂಧವಿಲ್ಲದ ಊದುಬತ್ತಿ. ಆ ಒಂದು ಚೀಟಿಗಾಗಿ ಹೆಚ್ಚು ಕಾಸು ಕೊಡಬೇಡಿ, ಕೊಟ್ಟಿದ್ದರೆ ವಿಂಡೋಸ್‌ನಲ್ಲಿ ಅದನ್ನು ಆರಿಸಿಯೇ ಇಡಿ.

ಇನ್ನು ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುತ್ತೀರಿ ಎಂದುಕೊಳ್ಳೋಣ. ಹೋದೊಡನೆ ನೀವು ಮಾಡುವ ಮೊದಲ ಕೆಲಸ ಇಂಗ್ಲಿಷಿಗೆ ಜಾರುವುದು. ಏಕೆ? ಅಲ್ಲಿ ವ್ಯಾಪಾರಕ್ಕೆ ಕೂತವರು ಯಾವ ಊರಿನಿಂದ ಬಂದಿದ್ದರೂ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರ ಹುಡುಕುತ್ತಾರೆ. ಅರ್ಧ ಅರ್ಥವಾದ ಇಂಗ್ಲಿಷಿಗೆ ತಲೆಯಾಡಿಸಿ, "ಎಸ್, ಎಸ್" ಎಂದು ದುಡ್ಡೆಣಿಸಿ ಬಂದವರೇ ಹೆಚ್ಚು ಮೋಸಹೋಗುವುದು. "ಪೂರ್ತಿ ಮಾಡೆಲ್ ನಂಬರ್ ಹೇಳಿ ಸಾರ್. ವಾರಂಟಿ ಎಷ್ಟು ವರ್ಷ? ಪ್ಯಾನೆಲ್ಲಿಗೂ ಉಂಟೋ ಇಲ್ಲವೋ? ಎಷ್ಟು ಚುಕ್ಕೆ ಸತ್ತರೆ ಬದಲಿಸಿ ಕೊಡುತ್ತೀರಿ? ಸರ್ವಿಸ್ ಸೆಂಟರ್ ಎಲ್ಲಿದೆ?" ಈ ಐದು ಪ್ರಶ್ನೆಯನ್ನು ಅಚ್ಚಕನ್ನಡದಲ್ಲಿ ಕೇಳಿ. ಒಂದಕ್ಷರ ಬದಲಾದರೆ ಮಾನಿಟರೇ ಬೇರೆಯಾಗಿಬಿಡುತ್ತದೆ, ಆದ್ದರಿಂದ ಮಾಡೆಲ್ ನಂಬರನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿ.

"ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀನಿ" ಎಂಬ ಮಾತು ಬಂತೋ, ಮೆಟ್ಟಿಲಿಳಿದು ಬನ್ನಿ. ಬಿಲ್ ಇಲ್ಲದೆ ವಾರಂಟಿ ಕೇಳುವುದು ಬೋರ್ಗಲ್ಲಿನ ಮೇಲೆ ಮಳೆ ಸುರಿದ ಹಾಗೆ. ಜಿಎಸ್‌ಟಿ ಬಿಲ್ಲಿನಲ್ಲಿ ಮಾನಿಟರಿನ ಸೀರಿಯಲ್ ನಂಬರ್ ಬರೆಸಿ. 32 ಇಂಚಿಗಿಂತ ದೊಡ್ಡದಕ್ಕೆ 28ರಷ್ಟಿದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ಕ್ಕೆ ಇಳಿದಿದೆ, 32ರವರೆಗಿನದಕ್ಕೆ ಅದಕ್ಕೂ ಮುಂಚಿನಿಂದಲೇ 18. ಹಳೇ ಲೆಕ್ಕ ಹೇಳಿ ಹೆಚ್ಚು ಕೇಳುವವರಿದ್ದರೆ ಇದನ್ನು ನೆನಪಿಸಿ. ಮಾನಿಟರಿನ ಬೆನ್ನಿನ ಮೇಲೆ ಬಿಐಎಸ್ ಗುರುತಿನ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಅದನ್ನು ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ಮೊಬೈಲಿನಲ್ಲೇ ಗೊತ್ತಾಗುತ್ತದೆ.

ಮನೆಗೆ ತಂದಿರಿ. ಇಲ್ಲಿಂದ ಅಸಲಿ ಕೆಲಸ. ಡಬ್ಬದೊಳಗೆ ಬಂದ ಕೇಬಲ್ಲನ್ನೇ ಬಳಸಿ, ಮೂಲೆಯಲ್ಲಿ ಬಿದ್ದಿರುವ ಹಳೇ ಕೇಬಲ್ ಬೇಡ. ಡಿಸ್‌ಪ್ಲೇಪೋರ್ಟ್ ಇದ್ದರೆ ಅದಕ್ಕೇ ಮೊದಲ ಮಣೆ. ಎಷ್ಟೋ ಮಾನಿಟರುಗಳಲ್ಲಿ ಎಚ್‌ಡಿಎಂಐ ಕಿಂಡಿಗೆ ಪೂರ್ತಿ ವೇಗ ಕೊಟ್ಟಿರುವುದಿಲ್ಲ. ಹಳೆಯ 1.4 ಎಚ್‌ಡಿಎಂಐ 1080ರಲ್ಲಿ 120 ಹರ್ಟ್ಸ್‌ಗೇ ಸುಸ್ತಾಗುತ್ತದೆ. ಇನ್ನೊಂದು ತುದಿಯನ್ನು ಎಲ್ಲಿಗೆ ಸಿಕ್ಕಿಸುತ್ತೀರಿ ಎಂಬುದೂ ಮುಖ್ಯ. ಸಿಪಿಯು ಬೆನ್ನಿನಲ್ಲಿ ಮೇಲುಗಡೆ, ಯುಎಸ್‌ಬಿ ತೂತುಗಳ ಪಕ್ಕ ಇರುವುದು ಮದರ್‌ಬೋರ್ಡಿನ ಕಿಂಡಿ. ಕೆಳಗೆ ಅಡ್ಡವಾಗಿರುವುದು ಗ್ರಾಫಿಕ್ಸ್ ಕಾರ್ಡಿನದು. ಮೇಲಿನದಕ್ಕೆ ಸಿಕ್ಕಿಸಿದರೆ ಮೂವತ್ತು ಸಾವಿರದ ಕಾರ್ಡು ಒಳಗೆ ಸುಮ್ಮನೆ ಮಲಗಿರುತ್ತದೆ.

ಆಮೇಲೆ ವಿಂಡೋಸ್‌ನ ಸೆಟ್ಟಿಂಗ್ಸ್, ಅದರಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ. ರಿಫ್ರೆಶ್ ರೇಟ್ ಎಂಬಲ್ಲಿ ನೀವು ದುಡ್ಡು ಕೊಟ್ಟ ನಂಬರನ್ನು ಆರಿಸಿ. ಆ ನಂಬರು ಪಟ್ಟಿಯಲ್ಲೇ ಇಲ್ಲವಾದರೆ ಕೇಬಲ್ಲೋ ಕಿಂಡಿಯೋ ಅಡ್ಡ ನಿಂತಿದೆ ಎಂದರ್ಥ. ಆಟದೊಳಗಿನ ಸೆಟ್ಟಿಂಗ್ಸ್‌ನಲ್ಲೂ 60ಕ್ಕೆ ಬೇಲಿ ಹಾಕಿದೆಯೋ ನೋಡಿ. ಇಷ್ಟು ಮಾಡಲು ಎರಡು ನಿಮಿಷ ಸಾಕು.

ಇನ್ನೊಂದು ಆರಿಕೊಂಡೇ ಇರುವ ಸವಲತ್ತು ಫ್ರೀಸಿಂಕ್ ಅಥವಾ ಅಡಾಪ್ಟಿವ್ ಸಿಂಕ್. ಕಾರ್ಡು ಕೊಡುವ ವೇಗಕ್ಕೆ ಪರದೆ ತನ್ನ ವೇಗ ಹೊಂದಿಸಿಕೊಳ್ಳುತ್ತದೆ, ಚಿತ್ರ ಅಡ್ಡಡ್ಡ ಹರಿಯುವುದು ನಿಲ್ಲುತ್ತದೆ. ಎನ್‌ವಿಡಿಯಾ ಕಾರ್ಡಿನವರಿಗೂ 2019ರ ಜನವರಿಯಿಂದ ಈ ಬಾಗಿಲು ತೆರೆದಿದೆ, ಅದರದೇ ದುಬಾರಿ ಜಿ-ಸಿಂಕ್ ಮಾನಿಟರ್ ಬೇಕೆಂದಿಲ್ಲ. ಮಾನಿಟರಿನ ಮೆನುವಿನಲ್ಲೂ ಕಾರ್ಡಿನ ಸಾಫ್ಟ್‌ವೇರಿನಲ್ಲೂ, ಎರಡೂ ಕಡೆ ಆನ್ ಮಾಡಬೇಕು. 144 ಇದ್ದರೆ ಆಟದ ವೇಗವನ್ನು 140ರ ಆಸುಪಾಸಿಗೆ ಕಟ್ಟಿಹಾಕಿ. ಓವರ್‌ಡ್ರೈವ್ ನಡುವಿನ ಮಟ್ಟದಲ್ಲಿರಲಿ.

ಆ ಮೆನು ತೆರೆದಾಗ ಭಾಷೆಯ ಪಟ್ಟಿಯನ್ನೂ ಒಮ್ಮೆ ನೋಡಿ. ಹತ್ತಾರು ಭಾಷೆ ಇರುತ್ತವೆ. ನನ್ನ ಕೈಗೆ ಬಂದ ಒಂದರಲ್ಲೂ ಕನ್ನಡ ಇರಲಿಲ್ಲ. ವಿಂಡೋಸ್‌ಗೆ ಕನ್ನಡದ ಭಾಷಾ ಪ್ಯಾಕ್ ಇದೆ, ಮಾನಿಟರಿನ ನಾಲ್ಕು ಸಾಲಿನ ಮೆನುವಿಗೆ ಏನು ಬಂತು ಕೇಡು? ವಾರಂಟಿ ನೋಂದಾಯಿಸುವಾಗ ಕಂಪನಿಗೆ ಒಂದು ಸಾಲು ಬರೆದು ಹಾಕಿ. ದುಡ್ಡು ಕೊಟ್ಟ ಗಿರಾಕಿಗಳು ನೀವು, ಭಿಕ್ಷೆ ಕೇಳುತ್ತಿಲ್ಲ.

ಬೆಳಕಿನ ವಿಚಾರ. ಅಂಗಡಿಯಲ್ಲಿ ಕಣ್ಣು ಕೋರೈಸಲೆಂದು ಬ್ರೈಟ್‌ನೆಸ್ ತುದಿಗೇರಿಸಿರುತ್ತಾರೆ, ಹಲವರು ಮನೆಯಲ್ಲೂ ಹಾಗೇ ಬಿಟ್ಟು ತಲೆನೋವು ಎನ್ನುತ್ತಾರೆ. ನಮ್ಮ ಪ್ರೆಸ್ಸಿನ ಉಪಾಯ ಹೇಳುತ್ತೇನೆ: ಕೋಣೆಯ ದೀಪ ಹಾಕಿ ಒಂದು ಬಿಳಿ ಹಾಳೆಯನ್ನು ಪರದೆಯ ಪಕ್ಕ ಹಿಡಿಯಿರಿ, ಪರದೆಯಲ್ಲೂ ಖಾಲಿ ಬಿಳಿ ಪುಟ ತೆರೆಯಿರಿ. ಎರಡೂ ಹೆಚ್ಚು ಕಡಿಮೆ ಒಂದೇ ಬಿಳುಪಾಗಿ ಕಾಣುವ ತನಕ ಇಳಿಸಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗಿರಲಿ, ದೂರ ಒಂದು ತೋಳಿನಷ್ಟು, ಕಿಟಕಿ ಬೆನ್ನಿಗೂ ಬೇಡ ಎದುರಿಗೂ ಬೇಡ, ಪಕ್ಕಕ್ಕಿರಲಿ. ನಮ್ಮ ಕರೆಂಟಿನ ಕಥೆ ಗೊತ್ತಲ್ಲ, ಮಾನಿಟರಿನ ವೈರೂ ಯುಪಿಎಸ್‌ಗೇ ಹೋಗಲಿ.

ಮೊದಲ ದಿನವೇ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ, ಈ ಐದು ಬಣ್ಣವನ್ನು ಒಂದೊಂದಾಗಿ ಪರದೆ ತುಂಬ ತಂದು ಸತ್ತ ಚುಕ್ಕೆ ಇದೆಯೇ ನೋಡಿ. ಇದ್ದರೆ ಫೋಟೊ ತೆಗೆದು ಅಂದೇ ಅಂಗಡಿಗೆ ತಿಳಿಸಿ. ಮೇಲೆ ಕೆಳಗೆ ನೋಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಡಬ್ಬವನ್ನೂ ಥರ್ಮೊಕೋಲನ್ನೂ ಕನಿಷ್ಠ ಒಂದು ತಿಂಗಳು ಅಟ್ಟದ ಮೇಲೆ ಇಡಿ, ಅಮ್ಮ ಎಷ್ಟೇ ಗೊಣಗಿದರೂ ಗುಜರಿಗೆ ಹಾಕಬೇಡಿ.