ಮೊದಲ ಬೆಳೆಯವರ ಪ್ರಶ್ನೆ

ತಾಂತ್ರಿಕ ಸಮುದಾಯ, ಅಂದರೆ ಒಂದು ವಿಶೇಷ ಕೌಶಲವನ್ನು ಒಬ್ಬರಿಂದೊಬ್ಬರು ಕಲಿತು, ತಿದ್ದಿ, ಮುಂದಿನವರಿಗೆ ದಾಟಿಸುತ್ತ ಬಂದಿರುವ ಜನವರ್ಗ, ತನ್ನಲ್ಲಿಗೆ ಹೊಸದಾಗಿ ಬಂದವರನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ನೋಡಲು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಿಗೇ ಹೋಗಬೇಕಾಗಿಲ್ಲ. ನಂದಿ ಬೆಟ್ಟದ ಸುತ್ತಲಿನ ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರದ ಹುಳುಮನೆಗಳಲ್ಲಿ ಆ ಪರೀಕ್ಷೆ ಪ್ರತಿ ಬೆಳೆಯಲ್ಲೂ ನಡೆಯುತ್ತಿರುತ್ತದೆ. ರೇಷ್ಮೆ ಸಾಕಣೆ ಹೊರಗಿನವರಿಗೆ ಬೇಸಾಯದ ಉಪಕಸುಬಿನಂತೆ ಕಂಡರೂ, ಉಷ್ಣಾಂಶ, ತೇವಾಂಶ, ಸೋಂಕು ನಿವಾರಣೆ, ಸೊಪ್ಪಿನ ಹದ ಇವೆಲ್ಲವನ್ನೂ ಹಗಲಿರುಳು ಗಮನಿಸಬೇಕಾದ ಸೂಕ್ಷ್ಮ ವಿದ್ಯೆ ಅದು. ನೂರು ಮೊಟ್ಟೆ, ಎಂದರೆ ನೂರು ತಾಯಿ ಚಿಟ್ಟೆಗಳು ಇಟ್ಟ ಮೊಟ್ಟೆಗಳ ಲೆಕ್ಕ, ಹಿಡಿದವರ ಮನೆಯಲ್ಲಿ ಸುಮಾರು 40,000 ಹುಳುಗಳು ಮೇಯುತ್ತಿರುತ್ತವೆ. ಒಂದು ದಿನದ ಅಚಾತುರ್ಯ ಒಂದು ತಿಂಗಳ ದುಡಿಮೆಯನ್ನು ತೊಳೆದುಹಾಕಬಲ್ಲದು.

ಹೊಸಬರು ಬಹುಮಟ್ಟಿಗೆ ಚಾಕಿ ಕೇಂದ್ರದಿಂದ, ಅಂದರೆ ಎಳೆಯ ಹುಳುಗಳನ್ನು ಎರಡನೆಯ ಸಲ ಚರ್ಮ ಕಳಚುವವರೆಗೆ ಸಾಕಿ ಕೊಡುವ ಕೇಂದ್ರದಿಂದ, ಹುಳು ತರುತ್ತಾರೆ. ತಂದ ಕೆಲವೇ ದಿನಗಳಲ್ಲಿ, ಅದುವರೆಗೆ ಸರಸರನೆ ಮೇಯುತ್ತಿದ್ದ ಹುಳುಗಳು ಸೊಪ್ಪು ಮುಟ್ಟದೆ, ತಲೆಯೆತ್ತಿಕೊಂಡು, ಅಲುಗಾಡದೆ ಕುಳಿತುಬಿಡುತ್ತವೆ. ರೋಗ ತಗುಲಿತೇ, ಸೊಪ್ಪಿನಲ್ಲಿ ಔಷಧಿಯ ಅಂಶ ಉಳಿದಿತ್ತೇ, ಇನ್ನಷ್ಟು ಸೊಪ್ಪು ಹಾಕಬೇಕೇ ಎಂದು ಮೊದಲ ಬೆಳೆಯವರು ಕಂಗಾಲಾಗುವುದು ಆಗಲೇ. ಸಾಕಣೆಗಾರರು ಜ್ವರ ಎನ್ನುವ ಈ ಸ್ಥಿತಿ ಹುಳು ತನ್ನ ಚರ್ಮ ಕಳಚಿಕೊಳ್ಳುವ ಸಹಜ ಹಂತ. ಹುಳುವಿನ ಬದುಕಿನಲ್ಲಿ ನಾಲ್ಕು ಸಲ ಬರುತ್ತದೆ, ಪ್ರತಿ ಸಲವೂ ಸುಮಾರು ಒಂದು ದಿನ ಹಿಡಿಯುತ್ತದೆ. ಆಗ ಸೊಪ್ಪು ನಿಲ್ಲಿಸಿ, ಹಾಸಿಗೆಯನ್ನು ಒಣಗಲು ಬಿಟ್ಟು, ಸುಣ್ಣದ ಪುಡಿ ಉದುರಿಸಿ, ಹೆಚ್ಚುಕಡಿಮೆ ಎಲ್ಲ ಹುಳುಗಳೂ ಜ್ವರದಿಂದ ಎದ್ದ ಮೇಲೆಯೇ ಮತ್ತೆ ಮೇವು ಕೊಡಬೇಕು. ಗಾಬರಿಯಲ್ಲಿ ಹಸಿ ಸೊಪ್ಪು ಪೇರಿಸಿದರೆ ಮೊದಲೆದ್ದ ಹುಳು ತಿಂದು ಬೆಳೆದು, ಹಿಂದುಳಿದದ್ದು ಸೊರಗಿ, ಬೆಳೆ ಏರುಪೇರಾಗುತ್ತದೆ. ಹಾಸಿಗೆಯ ತೇವ ರೋಗಕ್ಕೂ ಎಡೆಮಾಡಿಕೊಡುತ್ತದೆ. ಹತ್ತಾರು ವರ್ಷ ಹುಳು ಮೇಯಿಸಿದವರಿಗೆ ಇದು ಪ್ರಶ್ನೆಯೇ ಅಲ್ಲ. ಆದರೆ ‘ಇಷ್ಟೂ ಗೊತ್ತಿಲ್ಲದೆ ಹುಳ ಯಾಕೆ ತಂದ್ಯಪ್ಪ’ ಎಂಬ ಒಂದು ಮಾತನ್ನು ನಾಲ್ಕು ಜನರ ಮುಂದೆ ಕೇಳಿಸಿಕೊಂಡವರು ಮುಂದಿನ ಸಲ ಬಾಯಿ ಬಿಡುವುದಿಲ್ಲ, ತಮಗೆ ತೋಚಿದ್ದನ್ನು ಮಾಡುತ್ತಾರೆ.

ಆ ಮೌನದ ನಷ್ಟ ಅವರೊಬ್ಬರ ಮನೆಯಲ್ಲಿ ನಿಲ್ಲುವುದಿಲ್ಲ ಎಂಬುದನ್ನು ರೇಷ್ಮೆಯವರಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಸುಣ್ಣಕಟ್ಟು ರೋಗವೆಂಬುದು ಶಿಲೀಂಧ್ರದಿಂದ, ಅಂದರೆ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿಯಿಂದ, ಬರುವ ಕಾಯಿಲೆ. ಸತ್ತ ಹುಳು ಬಿಳಿದಾಗಿ ಗಟ್ಟಿಯಾಗುತ್ತದೆ, ಅದರ ಮೈಮೇಲಿನ ಪುಡಿ ಗಾಳಿಯಲ್ಲಿ ಹಾರುತ್ತದೆ. ಸತ್ತ ಹುಳುವನ್ನು ಸುಡಬೇಕೋ, ಹೂಳಬೇಕೋ, ತಿಪ್ಪೆಗೆ ಎಸೆದರೆ ಸಾಕೋ ಎಂದು ಕೇಳಲು ಹಿಂಜರಿದ ಹೊಸಬರ ತಿಪ್ಪೆಯಿಂದ ಪಕ್ಕದ ಮನೆಯ ಅನುಭವಿಗಳ ಹುಳುವಿಗೆ ರೋಗ ತಗುಲುವುದಕ್ಕೆ ಹೆಚ್ಚು ದಿನ ಬೇಕಿಲ್ಲ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟು ಇಂದಿಗೂ ತೊಲಗದ ಊಜಿ ನೊಣದ ಸಂಗತಿಯೂ ಇದೇ: ಅದು ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ, ಅದರ ಮರಿ ಹುಳುವನ್ನು ಒಳಗಿನಿಂದ ತಿನ್ನುತ್ತದೆ, ಒಂದು ಮನೆಯ ಕಿಟಕಿಗೆ ಬಲೆಯಿಲ್ಲದಿದ್ದರೆ ಅಲ್ಲಿ ಹೆಚ್ಚಿದ ನೊಣ ಇಡೀ ಊರಿನದಾಗುತ್ತದೆ. ಆದ್ದರಿಂದ ಹೊಸಬರಿಗೆ ಉತ್ತರಿಸುವುದನ್ನು ಉಪಕಾರವೆಂದು ಎಣಿಸುವುದು ತಪ್ಪು ಲೆಕ್ಕ. ಅದು ಅನುಭವಿಗಳು ತಮ್ಮ ಬೆಳೆಗೆ ತಾವೇ ಕಟ್ಟಿಕೊಳ್ಳುವ ಕಾವಲು.

ಈ ವಿದ್ಯೆಯ ಚರಿತ್ರೆಯಲ್ಲೇ ಇದಕ್ಕೆ ದೊಡ್ಡ ನಿದರ್ಶನವಿದೆ. 1865ರಲ್ಲಿ ಫ್ರಾನ್ಸಿನ ದಕ್ಷಿಣ ಭಾಗದ ರೇಷ್ಮೆ ಬೆಳೆ ಗಂಟು ರೋಗದಿಂದ, ಅಂದರೆ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುವ ಪೆಬ್ರಿನ್ ಎಂಬ ವ್ಯಾಧಿಯಿಂದ, ನೆಲಕಚ್ಚಿದಾಗ, ಅದರ ಪರಿಹಾರಕ್ಕೆ ಕಳುಹಿಸಲ್ಪಟ್ಟ ಲೂಯಿ ಪಾಶ್ಚರ್ ರಸಾಯನವಿಜ್ಞಾನಿ. ರೇಷ್ಮೆ ಹುಳುವನ್ನು ಅದುವರೆಗೆ ಕೈಯಿಂದ ಮುಟ್ಟಿದವರೂ ಅಲ್ಲ. ಅವರು ಅವಿನ್ಯಾನ್ ಪಟ್ಟಣದಲ್ಲಿ ಕೀಟಗಳ ಜೀವನವನ್ನು ಬಲ್ಲ ಶಾಲಾ ಅಧ್ಯಾಪಕ ಜಾನ್ ಆನ್ರಿ ಫಾಬ್ರ್ ಅವರನ್ನು ಕಂಡು, ಒಂದು ಗೂಡನ್ನು ಕಿವಿಯ ಬಳಿ ಹಿಡಿದು ಅಲುಗಾಡಿಸಿ, ಇದರೊಳಗೆ ಏನಾದರೂ ಇದೆಯೇ ಎಂದು ಕೇಳಿದರೆಂದು ಫಾಬ್ರ್ ಅವರೇ ಬರೆದಿಟ್ಟಿದ್ದಾರೆ. ಗೂಡಿನೊಳಗೆ ಕೋಶವಿರುತ್ತದೆ, ಅದರಿಂದ ಚಿಟ್ಟೆ ಹೊರಬರುತ್ತದೆ ಎಂಬುದು ಶಿಡ್ಲಘಟ್ಟದ ಯಾವ ಮಗುವಿಗೂ ಗೊತ್ತಿರುವ ವಿಷಯ. ಫಾಬ್ರ್ ಬೆರಗಾದರು, ಆದರೆ ಬಂದವರನ್ನು ಹಂಗಿಸಲಿಲ್ಲ. ಗೂಡುಗಳನ್ನು ತಂದುಕೊಟ್ಟರು, ಕೇಳಿದ್ದಕ್ಕೆ ಉತ್ತರ ಹೇಳಿದರು, ಏನೂ ಗೊತ್ತಿಲ್ಲದೆ ಹೊರಟವರ ನೋಟಕ್ಕೆ ಒಂದು ಬಲವಿದೆ ಎಂಬುದನ್ನು ಆ ಭೇಟಿಯಿಂದ ತಾವೂ ಕಲಿತರು. ಮುಂದಿನ ಐದು ವರ್ಷಗಳಲ್ಲಿ ಪಾಶ್ಚರ್ ರೂಪಿಸಿದ ವಿಧಾನ ಸರಳವಾದದ್ದು: ಪ್ರತಿ ತಾಯಿ ಚಿಟ್ಟೆಯನ್ನೂ ಪ್ರತ್ಯೇಕವಾಗಿಟ್ಟು ಮೊಟ್ಟೆ ಇಡಿಸಿ, ಬಳಿಕ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗದ ಕಣ ಕಂಡರೆ ಅದರ ಮೊಟ್ಟೆಗಳನ್ನು ನಾಶಪಡಿಸುವುದು. ಬಿತ್ತನೆ ಕೋಠಿಗಳಲ್ಲಿ, ಅಂದರೆ ರೇಷ್ಮೆ ಮೊಟ್ಟೆ ತಯಾರಿಸುವ ಕೇಂದ್ರಗಳಲ್ಲಿ, ಇಂದಿಗೂ ನಡೆಯುವ ತಾಯಿ ಚಿಟ್ಟೆ ಪರೀಕ್ಷೆಯ ಮೂಲ ಅದೇ. ರೋಗರಹಿತ ಮೊಟ್ಟೆ ಎಂದು ಶಿಡ್ಲಘಟ್ಟದ ರೈತರು ನಂಬಿ ಕೊಳ್ಳುವುದು ಆ ವಿಧಾನದ ಫಲವನ್ನೇ.

ಅನುಭವಿಗಳ ಕಷ್ಟವನ್ನೂ ಇಲ್ಲಿ ಒಪ್ಪಬೇಕು. ಸೊಪ್ಪು ಕಡಿಯುವ ಹೊತ್ತಿಗೆ, ಹಣ್ಣು ಹುಳುಗಳನ್ನು, ಅಂದರೆ ಗೂಡು ಕಟ್ಟಲು ಸಿದ್ಧವಾದವುಗಳನ್ನು, ಅವು ಗೂಡು ಕಟ್ಟುವ ಚಂದ್ರಿಕೆ ಎಂಬ ತಟ್ಟೆಗೆ ಬಿಡುವ ಹೊತ್ತಿಗೆ ಒಂದೇ ಪ್ರಶ್ನೆಯನ್ನು ಹತ್ತನೆಯ ಸಲ ಕೇಳಿಸಿಕೊಂಡರೆ ಯಾರಿಗಾದರೂ ಬೇಸರವಾಗುತ್ತದೆ. ಆದರೆ ಹತ್ತನೆಯ ಸಲ ಕೇಳಿದವರು ಮೊದಲ ಸಲ ಕೇಳುತ್ತಿರುವ ಹತ್ತನೆಯ ವ್ಯಕ್ತಿ. ಹತ್ತು ಮಂದಿಯೂ ಅದನ್ನೇ ಕೇಳುತ್ತಿದ್ದಾರೆಂದರೆ ಹುಳು ಕೊಡುವಾಗ ಹೇಳಬೇಕಾದ ಮಾತೊಂದು ಬಿಟ್ಟುಹೋಗಿದೆ ಎಂದರ್ಥ. ಪ್ರಶ್ನೆ ಅರೆಬರೆಯಾಗಿದೆ, ಹುಳು ಎಷ್ಟನೆಯ ಜ್ವರ ಎದ್ದದ್ದು, ಕೊನೆಯ ಮೇವು ಯಾವಾಗ ಕೊಟ್ಟದ್ದು ಎಂದು ಹೇಳುವುದೇ ಇಲ್ಲ ಎಂಬ ದೂರೂ ಉಂಟು. ಆದರೆ ಯಾವುದನ್ನು ಹೇಳಬೇಕು ಎಂಬ ತಿಳಿವಳಿಕೆಯೇ ಈ ವಿದ್ಯೆಯ ಅರ್ಧ, ಅದು ಕೇಳುವವರಲ್ಲಿ ಇನ್ನೂ ಇರುವುದಿಲ್ಲವಾದ್ದರಿಂದ ಆ ಪ್ರಶ್ನೆಗಳನ್ನು ಬಲ್ಲವರೇ ತಿರುಗಿ ಕೇಳಬೇಕು. ಎರಡು-ಮೂರು ಬೆಳೆ ತೆಗೆದವರು ಈ ಕೆಲಸಕ್ಕೆ ಹಿರಿಯರಿಗಿಂತ ತಕ್ಕವರು, ಎಡವಿದ ಜಾಗ ಅವರಿಗೆ ಇನ್ನೂ ನೆನಪಿರುತ್ತದೆ. ಹಾಗೆಯೇ ಹುಳುಮನೆಯಲ್ಲಿ ಹೆಚ್ಚು ಹೊತ್ತು ದುಡಿಯುವ ಹೆಂಗಸರ ಸಂದೇಹಗಳು ಗಂಡಸರ ಬಾಯಿಯಿಂದ ಸೋಸಿ ಬರುವುದೂ, ಮನೆಯಲ್ಲಿ ತೆಲುಗು ಆಡುವವರು ತರಬೇತಿಯ ಪುಸ್ತಕಗನ್ನಡಕ್ಕೆ ತಲೆಯಾಡಿಸಿ ಸುಮ್ಮನಾಗುವುದೂ ಈ ಸೀಮೆಯಲ್ಲಿ ಗಮನಿಸಲೇಬೇಕಾದ ಸಂಗತಿಗಳು.

ಇದೇ ಸೀಮೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು, ಭೌತವಿಜ್ಞಾನದ ಅಧ್ಯಾಪಕರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, ಪ್ರಶ್ನಿಸುವುದನ್ನೇ ಶಿಕ್ಷಣದ ಆರಂಭವೆಂದು ಸಾರಿದವರು. 1962ರಲ್ಲಿ ಅವರು ಸ್ಥಾಪಿಸಿದ ಬೆಂಗಳೂರು ಸೈನ್ಸ್ ಫೋರಂ, ವಿಜ್ಞಾನಿಗಳನ್ನು ವಾರವಾರವೂ ಸಾರ್ವಜನಿಕರ ಮುಂದೆ ನಿಲ್ಲಿಸಿತು. ಪದವಿ, ವಯಸ್ಸು, ಕಸುಬು ಯಾವುದನ್ನೂ ವಿಚಾರಿಸದೆ ಎಲ್ಲರಿಗೂ ಆ ಸಭೆಯ ಬಾಗಿಲು ತೆರೆದಿತ್ತು. ಉತ್ತರಿಸುವವರ ಒಳ್ಳೆಯತನವನ್ನಷ್ಟೇ ನೆಚ್ಚಿಕೊಳ್ಳದೆ, ಪ್ರಶ್ನೆಗೆ ಒಂದು ದಿನವನ್ನೂ ಒಂದು ಜಾಗವನ್ನೂ ಮೀಸಲಿಡುವ ಇಂಥ ಏರ್ಪಾಡು ರೇಷ್ಮೆ ಸೀಮೆಗೂ ಬೇಕು.

ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರಗಳು ವಾರದಲ್ಲಿ ಒಂದು ಹೊತ್ತನ್ನು ಮೊದಲ ಬೆಳೆಯವರಿಗೆಂದೇ ತೆಗೆದಿಡಲಿ; ಚಾಕಿ ಕೇಂದ್ರದವರು ಹುಳುವಿನ ಜೊತೆಗೆ ಮುಂದಿನ ಎರಡು ಜ್ವರಗಳ ವಿವರವನ್ನು ಕನ್ನಡದಲ್ಲೂ ತೆಲುಗಿನಲ್ಲೂ ಬಿಡಿಸಿ ಹೇಳಿ ಕಳುಹಿಸಲಿ. ಊರಿನ ಹಿರಿಯ ಸಾಕಣೆಗಾರರಲ್ಲಿ ಕೇಳಿಕೊಳ್ಳಬೇಕಾದದ್ದು ಇಷ್ಟೇ: ಹುಳು ಮೇವು ಬಿಟ್ಟಿದೆ ಎಂದು ಯಾರಾದರೂ ಬಾಗಿಲಿಗೆ ಬಂದರೆ, ಮಾತಿಗೆ ಮೊದಲು ಅವರ ಹುಳುಮನೆಗೊಮ್ಮೆ ಹೋಗಿ ನೋಡಿ ಬನ್ನಿ.