ಫೆಮ್ಟೊಟೆಸ್ಲಾ ಅಳೆಯುವ ಮೊದಲು ಸದ್ದಿಲ್ಲದ ಜಾಗ ಬೇಕು

ಕೇಂದ್ರ ಸಚಿವ ಸಂಪುಟ 2023ರ ಏಪ್ರಿಲ್‌ನಲ್ಲಿ ₹6,003.65 ಕೋಟಿ ವೆಚ್ಚದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಾಗ ಎಲ್ಲೆಡೆ ಚರ್ಚೆಯಾದದ್ದು ಕ್ವಾಂಟಮ್ ಕಂಪ್ಯೂಟರ್. ಅದೇ ಮಿಷನ್‌ನ ಗುರಿಗಳ ಪಟ್ಟಿಯಲ್ಲಿ ಹೆಚ್ಚು ಜನರ ಕಣ್ಣಿಗೆ ಬೀಳದ ಇನ್ನೊಂದು ಸಾಲಿದೆ: ಪರಮಾಣುಗಳನ್ನು ಬಳಸಿ 1 ಫೆಮ್ಟೊಟೆಸ್ಲಾದಷ್ಟು ಸೂಕ್ಷ್ಮವಾಗಿ ಕಾಂತಕ್ಷೇತ್ರವನ್ನು ಅಳೆಯಬಲ್ಲ ಮ್ಯಾಗ್ನೆಟೊಮೀಟರ್‌ಗಳನ್ನು ದೇಶದಲ್ಲೇ ತಯಾರಿಸುವುದು. ಬೆಂಗಳೂರಿನಲ್ಲಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ. ಅದನ್ನು ನಾಲ್ಕು ಸಾವಿರ ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲೇ ಫೆಮ್ಟೊಟೆಸ್ಲಾ.

ಈ ಗುರಿ ಸರಿಯಾಗಿದೆ, ಅದನ್ನು ಮುಟ್ಟುವ ವಿಜ್ಞಾನಿಗಳೂ ನಮ್ಮಲ್ಲಿದ್ದಾರೆ. ನನ್ನ ಆತಂಕ ಬೇರೆ. ಇಷ್ಟು ಸೂಕ್ಷ್ಮ ಸಂವೇದಕವನ್ನು ಕಟ್ಟಿದ ಮೇಲೆ ಅದನ್ನು ಇಡುವುದೆಲ್ಲಿ? ಲಿಫ್ಟ್, ಟ್ರಾನ್ಸ್‌ಫಾರ್ಮರ್, ಬಸ್ಸು, ಮೆಟ್ರೊ ಎಲ್ಲವೂ ಕಾಂತಕ್ಷೇತ್ರವನ್ನು ಕದಡುತ್ತವೆ. ದುರ್ಬಲ ಕಾಂತಕ್ಷೇತ್ರದ ಅಳತೆಯಲ್ಲಿ ಅರ್ಧ ಕೆಲಸ ಸಂವೇದಕದ್ದು, ಉಳಿದರ್ಧ ಅದರ ಸುತ್ತಲಿನ ಗದ್ದಲವನ್ನು ಅಡಗಿಸುವುದು. ಈ ಎರಡನೇ ಅರ್ಧಕ್ಕೆ ನಮ್ಮ ಯೋಜನೆಗಳಲ್ಲಿ ಸಿಗಬೇಕಾದ ಗಮನ ಸಿಕ್ಕಿಲ್ಲ.

ನೂರಿಪ್ಪತ್ತು ವರ್ಷಗಳ ಹಿಂದೆ ಇದೇ ಪ್ರಶ್ನೆ ಮುಂಬೈಯಲ್ಲಿ ಎದ್ದಿತ್ತು. ಕೊಲಾಬಾ ವೀಕ್ಷಣಾಲಯದಲ್ಲಿ 1841ರಿಂದ ಭೂಮಿಯ ಕಾಂತಕ್ಷೇತ್ರದ ಅಳತೆ ನಡೆದಿತ್ತು. 1859ರ ಸೆಪ್ಟೆಂಬರ್ ಆರಂಭದಲ್ಲಿ ಸೂರ್ಯನಿಂದ ಬಂದ ಮಹಾ ಕಾಂತ ಬಿರುಗಾಳಿ ಅಪ್ಪಳಿಸಿದಾಗ ಅಲ್ಲಿನ ಸಿಬ್ಬಂದಿ ಉಪಕರಣದ ಮುಂದೆ ಕುಳಿತು ಅಂಕಿಗಳನ್ನು ಬರೆದಿಟ್ಟರು. ಭೂಮಿಯ ಕ್ಷೇತ್ರ ಸುಮಾರು 1,600 ನ್ಯಾನೊಟೆಸ್ಲಾದಷ್ಟು ಕುಸಿದದ್ದು ಆ ದಾಖಲೆಯಿಂದ ಗೊತ್ತಾಯಿತು. ಕ್ಯಾರಿಂಗ್ಟನ್ ಬಿರುಗಾಳಿ ಎಂದು ಹೆಸರಾದ ಆ ಬಿರುಗಾಳಿ ಎಷ್ಟು ದೊಡ್ಡದಾಗಿತ್ತು ಎಂಬುದನ್ನು ಜಗತ್ತಿನ ವಿಜ್ಞಾನಿಗಳು ಇಂದಿಗೂ ಅಳೆಯುವುದು ಈ ಅಂಕಿಗಳನ್ನು ಮುಂದಿಟ್ಟುಕೊಂಡೇ.

ಇಪ್ಪತ್ತನೇ ಶತಮಾನದ ಹೊಸ್ತಿಲಲ್ಲಿ ಮುಂಬೈಗೆ ವಿದ್ಯುತ್ ಟ್ರಾಮ್ ಬರುವುದು ಖಚಿತವಾಯಿತು. ಟ್ರಾಮ್ ಓಡಿದರೆ ಕೊಲಾಬಾದ ಮುಳ್ಳುಗಳು ಅಳೆಯುವುದು ಟ್ರಾಮನ್ನೇ ಹೊರತು ಭೂಮಿಯನ್ನಲ್ಲ ಎಂಬುದು ವೀಕ್ಷಣಾಲಯದ ಮೊದಲ ಭಾರತೀಯ ನಿರ್ದೇಶಕ ನಾನಾಭಾಯ್ ಮೂಸ್ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮುಂಬೈಯಿಂದ ಸುಮಾರು 30 ಕಿ.ಮೀ. ದೂರದ ಅಲಿಬಾಗ್‌ನಲ್ಲಿ ಜಾಗ ಹುಡುಕಿದರು. ಕಾಂತಗುಣವಿಲ್ಲದ ಪೋರಬಂದರ್ ಕಲ್ಲಿನಲ್ಲಿ ಕಟ್ಟಡ ಎದ್ದಿತು. 1904ರಿಂದ 1906ರವರೆಗೆ ಎರಡೂ ಕಡೆ ಏಕಕಾಲಕ್ಕೆ ಅಳೆದು, ಹಳೆಯ ಮತ್ತು ಹೊಸ ದಾಖಲೆಗಳು ಕೂಡಿಕೊಳ್ಳುವಂತೆ ನೋಡಿಕೊಂಡು, ಆಮೇಲೆ ಕೊಲಾಬಾದ ಕಾಂತ ಅಳತೆಯನ್ನು ನಿಲ್ಲಿಸಿದರು. ಟ್ರಾಮ್ ಓಡಾಟ ಶುರುವಾದದ್ದು 1907ರಲ್ಲಿ. ನಗರಕ್ಕೆ ಸಾರಿಗೆಯೂ ಸಿಕ್ಕಿತು, ವಿಜ್ಞಾನದ ದಾಖಲೆಯೂ ತುಂಡಾಗಲಿಲ್ಲ. ಸಮಸ್ಯೆ ಬರುವ ಮೊದಲೇ ಅಳತೆ ಮಾಡಿ ನಿರ್ಧರಿಸಿದ್ದರಿಂದ ಇದು ಸಾಧ್ಯವಾಯಿತು.

ನಮ್ಮದೇ ಕಾಲದ ಉದಾಹರಣೆ ಬೇಕೆಂದರೆ ಸೂರ್ಯನನ್ನು ಗಮನಿಸುವ ಬಾಹ್ಯಾಕಾಶ ನೌಕೆ ಆದಿತ್ಯ ಎಲ್‌1 ಇದೆ. ಅದರ ಮ್ಯಾಗ್ನೆಟೊಮೀಟರ್ ರೂಪುಗೊಂಡದ್ದು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೊದ ಲಿಯೋಸ್ ಪ್ರಯೋಗಾಲಯದಲ್ಲಿ. ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ ಗ್ರಹಗಳ ನಡುವಿನ ಕಾಂತಕ್ಷೇತ್ರ ಕೆಲವೇ ನ್ಯಾನೊಟೆಸ್ಲಾ. ಅಲ್ಲಿ ಮೆಟ್ರೊ ಇಲ್ಲ, ಟ್ರಾನ್ಸ್‌ಫಾರ್ಮರ್ ಇಲ್ಲ. ಗದ್ದಲ ಮಾಡುವುದು ನೌಕೆಯೇ: ಅದರೊಳಗಿನ ತಂತಿ, ಮೋಟಾರು, ಬ್ಯಾಟರಿ. ಹಾಗಾಗಿ ಸಂವೇದಕಗಳನ್ನು 6 ಮೀಟರ್ ಉದ್ದದ ಕೋಲಿಗೆ ಕಟ್ಟಿದ್ದಾರೆ, ಒಂದು 3 ಮೀಟರ್ ದೂರದಲ್ಲಿ, ಇನ್ನೊಂದು ತುದಿಯಲ್ಲಿ. ನೌಕೆಯ ಪ್ರಭಾವ ದೂರ ಹೋದಂತೆ ತಗ್ಗುತ್ತದೆ, ಸೂರ್ಯನ ಕಡೆಯಿಂದ ಬಂದ ಕ್ಷೇತ್ರ ಎರಡೂ ಕಡೆ ಒಂದೇ ಇರುತ್ತದೆ. ಎರಡು ಅಳತೆಗಳ ವ್ಯತ್ಯಾಸ ನೋಡಿದರೆ ಯಾವುದು ನೌಕೆಯದು, ಯಾವುದು ಬಾಹ್ಯಾಕಾಶದ್ದು ಎಂದು ಬೇರ್ಪಡಿಸಬಹುದು. 2024ರ ಜನವರಿ 11ರಂದು ಆ ಕೋಲು ಬಿಚ್ಚಿಕೊಂಡಿತು. ಈ ಕೆಲಸದಲ್ಲಿ ಕೋಲಿನ ವಿನ್ಯಾಸ ಸಂವೇದಕದಷ್ಟೇ ಮುಖ್ಯವಾಗಿತ್ತು ಮತ್ತು ಇಸ್ರೊ ಅದಕ್ಕೆ ಅಷ್ಟೇ ಮಹತ್ವ ಕೊಟ್ಟಿತು.

ಇನ್ನು ಆಸ್ಪತ್ರೆಗೆ ಬರೋಣ. ಈ ತಂತ್ರಜ್ಞಾನ ನೇರವಾಗಿ ಜನರಿಗೆ ತಲುಪುವುದು ಅಲ್ಲೇ. ಮಿದುಳಿನ ನರಕೋಶಗಳಲ್ಲಿ ಹರಿಯುವ ವಿದ್ಯುತ್ತಿನಿಂದ ತಲೆಯ ಹೊರಗೆ ಹುಟ್ಟುವ ಕ್ಷೇತ್ರ ಸುಮಾರು 100 ಫೆಮ್ಟೊಟೆಸ್ಲಾ. ಅದನ್ನು ಅಳೆಯುವ ಎಂಇಜಿ ಯಂತ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ನಮ್ಮ ದೇಶದಲ್ಲಿ ಮೂರ್ಛೆ ರೋಗ ಇರುವವರ ಸಂಖ್ಯೆ ಸುಮಾರು ಒಂದು ಕೋಟಿ. ಅವರಲ್ಲಿ ಮೂರನೇ ಒಂದು ಭಾಗದಷ್ಟು ಜನರಿಗೆ ಮಾತ್ರೆಯಿಂದ ಮೂರ್ಛೆ ಹತೋಟಿಗೆ ಬರುವುದಿಲ್ಲ. ಇವರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆ ಮಾಡಬಹುದು, ಆದರೆ ಮೂರ್ಛೆ ಮಿದುಳಿನ ಯಾವ ಮೂಲೆಯಿಂದ ಹೊರಡುತ್ತಿದೆ ಎಂಬುದು ಮೊದಲು ನಿಖರವಾಗಿ ಗೊತ್ತಾಗಬೇಕು. ಎಂಇಜಿ ನೆರವಾಗುವುದು ಇಲ್ಲಿ.

ಇಂಥ ಪರೀಕ್ಷೆಗೆ ಹೋಗುವ ರೋಗಿ ಉಂಗುರ, ತಾಳಿ, ಹೇರ್‌ಪಿನ್, ಬೆಲ್ಟು ಎಲ್ಲವನ್ನೂ ಹೊರಗೆ ತೆಗೆದಿಡಬೇಕು. ಕಬ್ಬಿಣದ ಅಂಶವಿರುವ ಕಣ್ಣಿನ ಬಣ್ಣವೂ ಕೂಡದು. ಕೋಣೆಯ ಗೋಡೆಗೆ ಮ್ಯೂ ಮೆಟಲ್ ಎಂಬ ನಿಕಲ್-ಕಬ್ಬಿಣ ಮಿಶ್ರಲೋಹದ ಪದರಗಳು, ಜೊತೆಗೆ ಅಲ್ಯೂಮಿನಿಯಂ. ತಲೆಯ ಮೇಲಿರುವ ಗಟ್ಟಿ ಶಿರಸ್ತ್ರಾಣದೊಳಗೆ ಸ್ಕ್ವಿಡ್ ಎಂಬ ಅತಿವಾಹಕ ಸಂವೇದಕಗಳು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನ ದ್ರವ ಹೀಲಿಯಂನಲ್ಲಿ ಮುಳುಗಿರುತ್ತವೆ. ಆ ಚಳಿಯಿಂದ ರೋಗಿಯನ್ನು ಕಾಪಾಡಲು ನಡುವೆ ನಿರ್ವಾತದ ಪದರ ಬೇಕು, ಅದರಿಂದ ಸಂವೇದಕ ತಲೆಯಿಂದ ಎರಡು ಮೂರು ಸೆಂಟಿಮೀಟರ್ ದೂರವಾಗುತ್ತದೆ. ವಯಸ್ಕರ ಅಳತೆಗೆ ಮಾಡಿದ ಶಿರಸ್ತ್ರಾಣದಲ್ಲಿ ಪುಟ್ಟ ಮಗುವಿನ ತಲೆ ಇನ್ನಷ್ಟು ದೂರ ಉಳಿಯುತ್ತದೆ. ಮಗು ಅಲುಗಾಡಿದರೆ ಅಳತೆ ಕೆಡುತ್ತದೆ. ಹೀಲಿಯಂ ವಿಷಯದಲ್ಲಿ ನಾವು ಹೆಚ್ಚೂಕಡಿಮೆ ಪೂರ್ತಿಯಾಗಿ ಆಮದನ್ನೇ ನಂಬಿದ್ದೇವೆ.

ಈ ತೊಡಕುಗಳಿಗೆ ಪರಿಹಾರವಾಗಿ ಬಂದಿರುವುದೇ ಮಿಷನ್ ಗುರಿ ಇಟ್ಟಿರುವ ಪರಮಾಣು ಸಂವೇದಕ. ಪುಟ್ಟ ಗಾಜಿನ ಡಬ್ಬಿಯಲ್ಲಿ ರುಬಿಡಿಯಂ ಆವಿ, ಅದರ ಮೂಲಕ ಹಾಯುವ ಲೇಸರ್. ಕಾಂತಕ್ಷೇತ್ರ ಬದಲಾದಂತೆ ಆಚೆ ಬರುವ ಬೆಳಕು ಬದಲಾಗುತ್ತದೆ. ಹೀಲಿಯಂ ಬೇಡ. ತಲೆಗೆ ಅಂಟಿಕೊಂಡಂತೆ ಟೋಪಿಯಲ್ಲಿ ಜೋಡಿಸಬಹುದು. ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಇದನ್ನು ಧರಿಸಿದ ವ್ಯಕ್ತಿ ತಲೆ ಅಲುಗಾಡಿಸುತ್ತಿದ್ದಾಗಲೂ ಮಿದುಳಿನ ಸಂಕೇತ ಹಿಡಿದು ತೋರಿಸಿತು. ಮೂರ್ಛೆ ರೋಗದ ಮಕ್ಕಳಿಗೆ ಇದು ದೊಡ್ಡ ಆಸರೆಯಾಗಬಲ್ಲದು.

ಆದರೆ ಕ್ವಾಂಟಮ್ ಸಮಾವೇಶಗಳ ಭರವಸೆಯ ಮಾತುಗಳಲ್ಲಿ ಒಂದು ಅಂಶ ಬಿಟ್ಟುಹೋಗುತ್ತದೆ. ಫೆಮ್ಟೊಟೆಸ್ಲಾ ಮಟ್ಟದ ಪರಮಾಣು ಸಂವೇದಕ ಕೆಲಸ ಮಾಡುವುದು ಸುತ್ತಲಿನ ಕ್ಷೇತ್ರ ಹೆಚ್ಚೂಕಡಿಮೆ ಸೊನ್ನೆ ಇದ್ದಾಗ. ಕೆಲವು ನ್ಯಾನೊಟೆಸ್ಲಾ ಏರುಪೇರಾದರೂ ಅದು ದಾರಿ ತಪ್ಪುತ್ತದೆ. ಅಂದರೆ ಹೀಲಿಯಂನ ಖರ್ಚು ಉಳಿದರೂ ರಕ್ಷಾಕವಚದ ಕೋಣೆಯ ಅಗತ್ಯ ಮೊದಲಿಗಿಂತ ಹೆಚ್ಚುತ್ತದೆ. ಅಗ್ಗದ ಸಂವೇದಕ ಬಂದ ತಕ್ಷಣ ಜಿಲ್ಲಾ ಆಸ್ಪತ್ರೆಗೂ ಎಂಇಜಿ ಬರುತ್ತದೆ ಎಂಬ ಲೆಕ್ಕಾಚಾರ ಇಲ್ಲಿ ಎಡವುತ್ತದೆ.

ಆ ಕೋಣೆ ತಡೆಯಬೇಕಾದ ಗದ್ದಲ ಎಷ್ಟಿರಬಹುದು? ಬೆಂಗಳೂರಿನ ನಮ್ಮ ಮೆಟ್ರೊ ಮೂರನೇ ಹಳಿಯಿಂದ 750 ವೋಲ್ಟ್ ಡಿ.ಸಿ. ವಿದ್ಯುತ್ ಪಡೆದು ಓಡುತ್ತದೆ. ರೈಲು ವೇಗ ಹೆಚ್ಚಿಸುವಾಗ ಸಾವಿರಾರು ಆಂಪಿಯರ್ ಹರಿಯುತ್ತದೆ. ಸರಳ ಲೆಕ್ಕ ಹಾಕಿದರೂ ನೂರು ಮೀಟರ್ ದೂರದಲ್ಲಿ ಹತ್ತಾರು ನ್ಯಾನೊಟೆಸ್ಲಾ ಏರಿಳಿತ ಕಾಣುತ್ತದೆ. ಇದು ಮಿದುಳಿನ ಸಂಕೇತದ ಲಕ್ಷಾಂತರ ಪಟ್ಟು. ಹೀಗೆ ನಿಧಾನವಾಗಿ ಬದಲಾಗುವ ಕ್ಷೇತ್ರವನ್ನು ತಡೆಯುವುದು ಲೋಹದ ಗೋಡೆಗೂ ಕಷ್ಟ. ಕಾಳೇನ ಅಗ್ರಹಾರ–ನಾಗವಾರ ಗುಲಾಬಿ ಮಾರ್ಗದ ಸುರಂಗ ಲಕ್ಕಸಂದ್ರದ ಮೂಲಕ ಸಾಗುತ್ತದೆ, ನಿಮ್ಹಾನ್ಸ್ ಅದರ ಆಸುಪಾಸಿನಲ್ಲೇ ಇದೆ. ಬೆಂಗಳೂರಿಗೆ ಮೆಟ್ರೊ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆಸ್ಪತ್ರೆ, ಪ್ರಯೋಗಾಲಯಗಳ ಬಳಿ ಹೊಸ ಮಾರ್ಗ ಎಳೆಯುವಾಗ ಕಂಪನದ ಅಳತೆಯ ಜೊತೆಗೆ ಕಾಂತಕ್ಷೇತ್ರದ ಅಳತೆಯೂ ಕಡ್ಡಾಯವಾಗಬೇಕು. ಮೂಸ್ ಅವರ ಕಾಲದಲ್ಲಿ ಆದದ್ದು ಈಗ ಆಗದಿರಲು ಕಾರಣವಿಲ್ಲ.

ಮಾಡಬೇಕಾದ ಕೆಲಸಕ್ಕೆ ಬೇಕಾದ ಕೈಗಳೂ ದೇಶದಲ್ಲೇ ಇವೆ. ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರ ಸ್ಕ್ವಿಡ್ ಸಂವೇದಕಗಳನ್ನೂ ಹೃದಯ, ಮಿದುಳಿನ ಕ್ಷೇತ್ರ ಅಳೆಯುವ ವ್ಯವಸ್ಥೆಗಳನ್ನೂ ಸ್ವಂತವಾಗಿ ಕಟ್ಟಿದೆ. ಹೈದರಾಬಾದಿನ ಮಿಧಾನಿ ಮೃದು ಕಾಂತೀಯ ಮಿಶ್ರಲೋಹಗಳನ್ನು ತಯಾರಿಸುತ್ತದೆ. ಮ್ಯೂ ಮೆಟಲ್ ಹಾಳೆಯನ್ನು ಬಗ್ಗಿಸಿದರೆ, ಬಡಿದರೆ ಅದರ ಗುಣ ಕುಗ್ಗುತ್ತದೆ. ಆಕಾರ ಕೊಟ್ಟ ಮೇಲೆ ಹೈಡ್ರೋಜನ್ ಕುಲುಮೆಯಲ್ಲಿ ಕಾಯಿಸಿ ನಿಧಾನವಾಗಿ ತಣಿಸಬೇಕು. ಇದು ಕಾರ್ಖಾನೆಯ ಕೌಶಲ, ಪೀಣ್ಯದಂಥ ಕೈಗಾರಿಕಾ ಪ್ರದೇಶ ಕಲಿತು ಮಾಡಬಲ್ಲ ಕೆಲಸ.

ಮಿಷನ್‌ನ ಸಂವೇದನ ವಿಭಾಗದ ಹೊಣೆ ಐಐಟಿ ಬಾಂಬೆಯದು. ಕಂಪ್ಯೂಟಿಂಗ್ ವಿಭಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಕರ್ನಾಟಕ ಸರ್ಕಾರ 2025ರಲ್ಲಿ ₹1,000 ಕೋಟಿಯ ಪ್ರತ್ಯೇಕ ಕ್ವಾಂಟಮ್ ಮಿಷನ್ ಘೋಷಿಸಿದೆ. ಈ ಹಣದಲ್ಲಿ ಒಂದು ಪಾಲನ್ನು ರೈಲು ಮಾರ್ಗ, ಹೈಟೆನ್ಷನ್ ತಂತಿ, ಹೆದ್ದಾರಿಗಳಿಂದ ದೂರವಿರುವ ಜಾಗವೊಂದನ್ನು ಗುರುತಿಸಿ, ಅಳೆದು, ಕಾಯ್ದಿರಿಸಲು ಎತ್ತಿಡಬೇಕು. ಅಲ್ಲಿ ಎಲ್ಲ ಸಂಸ್ಥೆಗಳೂ ಹಂಚಿಕೊಳ್ಳುವ ಕವಚದ ಕೋಣೆಗಳು ಏಳಬೇಕು. ನಗರ ಬೆಳೆದು ಸುತ್ತುವರಿದ ಮೇಲೆ ಅಂಥ ಜಾಗವನ್ನು ಎಷ್ಟು ಕೋಟಿ ಕೊಟ್ಟರೂ ಮತ್ತೆ ಕೊಳ್ಳಲಾಗದು. ಸರ್ಕಾರ ಈ ತೀರ್ಮಾನವನ್ನು ಮುಂದಿನ ಬಜೆಟ್‌ನಲ್ಲೇ ತೆಗೆದುಕೊಳ್ಳಲಿ.